ದೊಡ್ಡಕ್ಕನ ಆಯ್ಕೆ

ದೊಡ್ಡಕ್ಕನ ಬೆರಳುಗಳು ಯಾವತ್ತು ಸತ್ತವೋ ಅವಳಿಗೇ ಗೊತ್ತಿಲ್ಲ. ಒಂದೇ ಏಟಿಗೆ ಸತ್ತಿದ್ದರೆ ಒಂದು ದಿನ ಅತ್ತು ಸುಮ್ಮನಾಗಬಹುದಿತ್ತು. ಅವು ಹೋದದ್ದು ಬಾಡಿಗೆ ಮನೆ ಖಾಲಿ ಮಾಡುವವರ ಹಾಗೆ, ಸದ್ದಿಲ್ಲದೆ, ಒಂದರ ಹಿಂದೆ ಒಂದು. ಮೊದಲು ಎಡಗೈ ಕಿರುಬೆರಳು, ಆಮೇಲೆ ಅದರ ಪಕ್ಕದ್ದು, ಆಮೇಲೆ ಬಲಗೈ. ವರ್ಷಗಟ್ಟಲೆ ಕಣ್ಣುರಿಸುವ ಬಣ್ಣ ಕಲಸಿ, ಗುಂಗುರು ಕೂದಲನ್ನು ಕಡ್ಡಿಯ ಹಾಗೆ ನೆಟ್ಟಗೆ ಮಾಡುವ ಔಷಧ ಬಳಿದು, ಅದರ ಹೊಗೆ ಕುಡಿದು, ಕೊನೆಗೊಂದು ದಿನ ಗಿರಾಕಿಯ ತಲೆಯ ಮೇಲೆ ಕೈಯಿಟ್ಟರೆ ಅದು ತಲೆಯೋ ಕುರ್ಚಿಯ ದಿಂಬೋ ಬೆರಳು ಹೇಳಲಿಲ್ಲ. ಕಣ್ಣು ಹೇಳಿತು. ಅಂದಿನಿಂದ ದೊಡ್ಡಕ್ಕ ಕಣ್ಣಿನಿಂದಲೇ ಮುಟ್ಟುತ್ತಾಳೆ. ಕತ್ತರಿಯ ಸದ್ದು ಕೇಳಿ ಕೂದಲು ದಪ್ಪವೋ ತೆಳುವೋ ಅಂತ ತಿಳಿಯುತ್ತಾಳೆ.

ವಿಚಿತ್ರ ಅಂದರೆ, ಅವಳು ಕೆಲಸಕ್ಕಿದ್ದ ಸಲೂನು ನಡೆಯುತ್ತಿದ್ದದ್ದೇ ಆ ಬೆರಳುಗಳ ಹೆಸರಿನ ಮೇಲೆ. ದೊಡ್ಡಕ್ಕನದು ಕೈಗುಣ ಅನ್ನುತ್ತಿದ್ದರು. ಅವಳಿಗಿಂತ ವಯಸ್ಸಾದ ಗಿರಾಕಿಗಳೂ ಅವಳನ್ನು ದೊಡ್ಡಕ್ಕ ಅಂತಲೇ ಕರೆದು, ಅವಳ ಕುರ್ಚಿ ಖಾಲಿಯಾಗುವ ತನಕ ಕಾಯುತ್ತಿದ್ದರು. ಪಕ್ಕದ ಕುರ್ಚಿ ಬಿಕೋ ಅನ್ನುತ್ತಿದ್ದರೂ ಅತ್ತ ತಿರುಗಿ ನೋಡುತ್ತಿರಲಿಲ್ಲ.

ನಿಜ ಗೊತ್ತಿದ್ದದ್ದು ಒಬ್ಬಳಿಗೇ: ನಾದಿನಿಗೆ. ಗಂಡ ಕಣ್ಮುಚ್ಚಿದ ಮೇಲೂ ಅವನ ತಂಗಿ ಇವಳ ಜೊತೆಗೇ ಉಳಿದಿದ್ದಳು, ಒಂದೇ ಒಲೆ, ಒಂದೇ ಬಾಡಿಗೆ ಮನೆ. ಈ ಸಲೂನಿನಲ್ಲಿ ತಲೆ ತೊಳೆಯುವ ಕೆಲಸಕ್ಕೆ ಅವಳನ್ನು ಸೇರಿಸಿದವಳೂ ದೊಡ್ಡಕ್ಕನೇ. ದೊಡ್ಡಕ್ಕ ಬೇಸಿನ್ ಹತ್ತಿರ ಬಂದು ನಲ್ಲಿ ತಿರುಗಿಸಿದಾಗ ನೀರು ಸುಡುತ್ತಿದ್ದರೆ ನಾದಿನಿ ಒಮ್ಮೆ ಕೆಮ್ಮುತ್ತಿದ್ದಳು. ಅಷ್ಟೇ. ಅದರ ಬಗ್ಗೆ ಇಬ್ಬರೂ ಬಾಯಿಬಿಟ್ಟು ಮಾತಾಡಿದವರಲ್ಲ.

ಹೀಗಿರುವಾಗ ಸಲೂನಿಗೆ ಎಲೆ ಮೇಡಂ ಬಂದಳು.

ಹೆಸರಿಟ್ಟದ್ದು ನಾದಿನಿ. ಶಾಂಪೂ ಕಂಪನಿಯಿಂದ ಸರಕು ಮಾರಲು ಬಂದವಳ ಬಾಟಲಿಯ ಮೇಲೆ ಎಲೆ, ಡಬ್ಬಿಯ ಮೇಲೆ ಎಲೆ, ಹೆಗಲ ಚೀಲದ ಮೇಲೆ ಎಲೆ, ಕಿವಿಯಲ್ಲಿ ಜೋತಾಡುತ್ತಿದ್ದದ್ದೂ ಎಲೆ. ಸಲೂನಿನ ಮಾಲಕಿಗೆ ಅವಳನ್ನು ಕಂಡು ಮೈಯೆಲ್ಲ ಕಿವಿ. ಎದುರು ಬೀದಿಯ ಸಲೂನಿನವರು ಆಗಲೇ ಪರಿಸರಸ್ನೇಹಿ ಆಗಿಬಿಟ್ಟಿದ್ದರು, ಬಾಗಿಲಿಗೆ ಹಸಿರು ಬಣ್ಣ ಬಳಿದು ಎರಡು ಕುಂಡ ಇಟ್ಟಿದ್ದರು. ಗಿರಾಕಿಗಳು ಅತ್ತ ಕಣ್ಣು ಹಾಯಿಸತೊಡಗಿದ್ದರು.

"ಇದರಿಂದ ನದಿಗೆ ಹಾನಿಯಿಲ್ಲ, ಮೀನಿಗೆ ಹಾನಿಯಿಲ್ಲ," ಅಂದಳು ಎಲೆ ಮೇಡಂ. "ಬಾಟಲಿ ಬಿಸಾಕಿದರೆ ಮಣ್ಣಲ್ಲಿ ಮಣ್ಣಾಗಿ ಹೋಗುತ್ತೆ. ಯಾವ ಪ್ರಾಣಿಯ ಮೇಲೂ ಪರೀಕ್ಷೆ ಮಾಡಿಲ್ಲ."

"ಹಾಗಾದ್ರೆ ಯಾರ ಮೇಲೆ ಮಾಡಿದ್ರಂತೆ?" ಬೇಸಿನ್ ಕಡೆಯಿಂದ ನಾದಿನಿಯ ದನಿ ಬಂತು. ತಲೆ ತೊಳೆಯುತ್ತಿದ್ದ ಇನ್ನಿಬ್ಬರು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕಿಸಕ್ಕನೆ ನಕ್ಕರು. ಮಾಲಕಿ ಕಣ್ಣಲ್ಲೇ ಗದರಿದಳು.

ಎಲೆ ಮೇಡಂ ಮೂರು ಬಟ್ಟಲಲ್ಲಿ ಮೂರು ಬಗೆಯ ಶಾಂಪೂ ಸುರಿದಿಟ್ಟಳು. ಮೂರೂ ಅವಳ ಕಂಪನಿಯವೇ, ಒಂದನ್ನು ಆರಿಸಿಕೊಳ್ಳಬೇಕು.

"ನಾನ್ಯಾಕೆ ತಲೆ ಕೆಡಿಸ್ಕೊಳ್ಳಲಿ?" ಅಂದಳು ಮಾಲಕಿ. "ನಮ್ಮ ದೊಡ್ಡಕ್ಕ ಮುಟ್ಟಿ ಹೇಳ್ತಾಳೆ. ಆ ಬೆರಳು ಒಪ್ಪಿದ್ದನ್ನ ಗಿರಾಕಿ ಕಣ್ಮುಚ್ಚಿ ತಗೋತಾರೆ."

ಇದು ಈ ಕಸುಬಿನ ಹಳೇ ರೂಢಿ. ಹೊಸ ಸಾಮಾನು ಬಂದರೆ ಹಿರಿಯ ಕೈ ಅದನ್ನು ಬೆರಳ ನಡುವೆ ಹೊಸಕಿ, ಕತ್ತರಿಸಿ ಬಿದ್ದ ಕೂದಲಿನ ಎಳೆಗೆ ಸವರಿ, ಜಾರುತ್ತದೋ ಅಂಟುತ್ತದೋ ಹೇಳಬೇಕು. ಎಲ್ಲರೂ ಸುತ್ತ ನಿಂತರು. ದೊಡ್ಡಕ್ಕ ಮೊದಲ ಬಟ್ಟಲಿಗೆ ಬೆರಳು ಅದ್ದಿದಳು. ಏನೂ ಇಲ್ಲ. ಗೋಡೆಗೆ ಬಣ್ಣ ಬಳಿದರೆ ಗೋಡೆಗೇನು ಗೊತ್ತಾಗುತ್ತದೆ? ಎರಡನೆಯದು. ಏನೂ ಇಲ್ಲ. ಯಾವುದನ್ನೋ ಒಂದನ್ನು ತೋರಿಸಿ ಪಾರಾದರಾಯಿತು ಅಂದುಕೊಂಡು ಮೂರನೆಯದಕ್ಕೆ ಕೈ ಹಾಕಿದಳು.

ಚುರ್ ಅಂತು.

ಸಣ್ಣಗೆ, ದೂರದಲ್ಲಿ, ಬೆರಳ ತುದಿಯಲ್ಲಿ ಒಂದು ಇರುವೆ ನಡೆದ ಹಾಗೆ. ಯಾರೂ ಇಲ್ಲ ಅಂತ ಬೀಗ ಜಡಿದ ಮನೆಯೊಳಗಿಂದ ಯಾರೋ ಓ ಅಂದ ಹಾಗೆ. ದೊಡ್ಡಕ್ಕ ಇನ್ನೊಮ್ಮೆ ಹೊಸಕಿದಳು. ಮತ್ತೆ ಚುರ್ ಅಂತು. ಎಷ್ಟೋ ವರ್ಷಕ್ಕೆ ಅವಳ ಮುಖದಲ್ಲಿ ಏನೋ ಒಂದು ಅರಳಿತು.

"ಇದು," ಅಂದಳು.

ಯಾಕೆ ಅಂತ ಯಾರೂ ಕೇಳಲಿಲ್ಲ. ಆ ಮುಖ ನೋಡಿದವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ವಾರ ಕಳೆಯುವುದರಲ್ಲಿ ಹಳೇ ಬಾಟಲಿಗಳು ಹಿಂಬಾಗಿಲಿನಿಂದ ಹೋದವು, ಎಲೆ ಚಿತ್ರದವು ಮುಂಬಾಗಿಲಿನಿಂದ ಬಂದವು. ಕನ್ನಡಿಯ ಪಕ್ಕ ಒಂದು ಮರದ ಹಲಗೆ ನೇತುಬಿತ್ತು, ಅದರ ಮೇಲೆ "ದೊಡ್ಡಕ್ಕನ ಆಯ್ಕೆ" ಅಂತ ಬರೆಸಿದ್ದರು. ಕೂದಲು ಕತ್ತರಿಸುವುದರ ಜೊತೆಗೆ ಮಾರುವ ಕೆಲಸವೂ ದೊಡ್ಡಕ್ಕನ ಹೆಗಲಿಗೆ ಬಿತ್ತು. ಎಲೆ ಮೇಡಂ ಪಾಠ ಹೇಳಿಕೊಟ್ಟಳು: ಮಾರುವುದಿದ್ದರೆ ಡ್ರೈಯರ್ ನಿಲ್ಲಿಸಿದ ಮೇಲೆ ಮಾರಬೇಕು, ಗಿರಾಕಿ ಕನ್ನಡಿಯಲ್ಲಿ ತನ್ನನ್ನು ತಾನೇ ಮೆಚ್ಚಿಕೊಳ್ಳುತ್ತಿರುವಾಗ. ಬೆಲೆ ಮೊದಲು ಹೇಳಬಾರದು, ಮೊದಲು ನದಿಯ ಮಾತು ಎತ್ತಬೇಕು. ದೊಡ್ಡಕ್ಕ ನದಿಯ ಮಾತು ಎತ್ತಿದಳು. ಬೆಳಿಗ್ಗೆಯಿಂದ ಸಂಜೆಯ ತನಕ ಅದೇ ನದಿ, ಅದೇ ಮೀನು. ಬಾಯಿ ಹೇಳುತ್ತಿತ್ತು, ಅವಳು ಎಲ್ಲೋ ಇರುತ್ತಿದ್ದಳು. ಗಿರಾಕಿಗಳು ಬಾಟಲಿಯ ಜೊತೆ ಒಂದಿಷ್ಟು ಪುಣ್ಯವನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು. ಮನೆಯಲ್ಲಿ ಅವರು ತೊಳೆಯುವುದು ಒಂದೇ ತಲೆ, ಅದೂ ವಾರಕ್ಕೆ ಒಂದೋ ಎರಡೋ ಸಲ. ಅವರಿಗೇನೂ ಆಗಲಿಲ್ಲ.

ದಿನವಿಡೀ ತಲೆ ತೊಳೆಯುವವರ ಕೈ ಮೊದಲು ಕೆಂಪಾಯಿತು. ಆಮೇಲೆ ಬೆರಳ ಸಂದಿಯಲ್ಲಿ ಬಿರುಕು ಬಿತ್ತು. ಮೂವರಲ್ಲಿ ನಾದಿನಿಯದೇ ಜೋರು. ಅವಳು ಮೆಡಿಕಲ್ ಅಂಗಡಿಯಿಂದ ರಬ್ಬರ್ ಗ್ಲೌಸ್ ತಂದು ಹಾಕಿಕೊಂಡಳು. ಮಾಲಕಿ ಕಂಡವಳೇ ಹೌಹಾರಿದಳು.

"ತೆಗಿ ಅದನ್ನ! ಗಿರಾಕಿ ಏನಂದ್ಕೋತಾರೆ? ಎಲೆ ರಸಕ್ಕೂ ಗ್ಲೌಸಾ? ಇದೇನು ವಿಷಾನಾ?"

"ಬಣ್ಣ ಹಚ್ಚುವಾಗ ಹಾಕ್ಕೋತೀವಲ್ಲ ಮೇಡಂ."

"ಅದು ಬಣ್ಣ ಕಣಮ್ಮ. ಇದು ಪ್ರಕೃತಿ."

ನಾದಿನಿ ಗ್ಲೌಸ್ ತೆಗೆದಳು. ಅವತ್ತು ಸಂಜೆ ಮನೆಯಲ್ಲಿ ಒಲೆಯ ಮುಂದೆ ನಿಂತು ಪಾತ್ರೆ ಹಿಡಿಯಲಾಗದೆ, ಸೌಟು ಹಿಡಿಯಲಾಗದೆ ಹಲ್ಲು ಕಚ್ಚುತ್ತಿದ್ದಳು. ದೊಡ್ಡಕ್ಕ ಬಟ್ಟೆಯಿಲ್ಲದೆ ಬರಿಗೈಯಲ್ಲೇ ಬಿಸಿ ಪಾತ್ರೆ ಇಳಿಸಿದಳು.

"ಅತ್ತಿಗೆ, ಒಂದು ಕೇಳ್ಲಾ? ಮೂರರಲ್ಲಿ ಆ ಮೂರನೇದನ್ನೇ ಯಾಕೆ ತೋರಿಸಿದ್ರಿ?"

"ಚುಚ್ಚಿತು ಕಣೇ."

"ಏನು?"

"ಉಳಿದ ಎರಡೂ ಗೊತ್ತಾಗಲಿಲ್ಲ. ಇದು ಚುಚ್ಚಿತು. ಗೊತ್ತಾಯ್ತು."

ನಾದಿನಿ ಅವಳ ಮುಖವನ್ನೇ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ನೆಲಕ್ಕೆ ಕೂತು, ಒಡೆದ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ನಿಮ್ಮ ಸತ್ತ ಬೆರಳಿಗೇ ಚುಚ್ಚಿದ್ರೆ, ಬದುಕಿರೋ ಬೆರಳಿನ ಗತಿ ಏನು ಅಂತ ಹೊಳೀಲಿಲ್ವಾ? ಅಯ್ಯೋ ನನ್ನ ಅತ್ತಿಗೆಯೇ!"

"ಹೊಳೀಲಿಲ್ಲ," ಅಂದಳು ದೊಡ್ಡಕ್ಕ. "ನಾಳೆ ಹೇಳಿಬಿಡ್ತೀನಿ."

"ಏನಂತ? ನನ್ನ ಕೈಗೆ ಸ್ಪರ್ಶ ಇಲ್ಲ, ತಪ್ಪಾಗಿ ಆರಿಸಿದೆ ಅಂತಾನಾ?" ನಾದಿನಿಯ ನಗು ನಿಂತಿತು. "ಆಮೇಲೆ ಆ ಕುರ್ಚಿ ಹತ್ರ ನಿಮ್ಮನ್ನ ಬಿಡ್ತಾರಾ? ನಿಮ್ಮ ಕತ್ತರಿಯಿಂದಲೇ ಈ ಒಲೆ ಉರೀತಿರೋದು. ಬಾಯಿಗೆ ಬೀಗ ಹಾಕ್ಕೊಂಡಿರಿ. ನನ್ನ ಕೈ ಇವತ್ತಲ್ಲ ನಾಳೆ ವಾಸಿಯಾಗುತ್ತೆ. ನಿಮ್ಮ ಕುರ್ಚಿ ಹೋದ್ರೆ ಮತ್ತೆ ಬರಲ್ಲ."

ದೊಡ್ಡಕ್ಕ ಹೂಂ ಅಂದಳು. ಅವಳಿಗೆ ಸಂಕಟ ಆಗಬೇಕಿತ್ತು. ಆಗಲಿಲ್ಲ. ಬೆರಳಿನಿಂದ ಶುರುವಾದದ್ದು ತೋಳು ಹತ್ತಿ ಎದೆಗೂ ಬಂದಿತ್ತೋ ಏನೋ. ಮರುದಿನವೂ ನದಿಯ ಮಾತು ಎತ್ತಿದಳು.

ನಾದಿನಿಯ ಕೈ ವಾಸಿಯಾಗಲಿಲ್ಲ. ಒಬ್ಬ ಗಿರಾಕಿ ಬೇಸಿನ್ ಮುಂದೆ ಕತ್ತು ಹಿಂದಕ್ಕೆ ವಾಲಿಸಿ ಕೂತವಳು, ಆ ಕೈ ಕಂಡು ಎದ್ದುಬಿಟ್ಟಳು. "ಇದೇನು ಅಂಟುರೋಗನಾ?" ಅಂತ ಮಾಲಕಿಯನ್ನು ಕೇಳಿದಳು. ಮಾಲಕಿ ಎಲೆ ಮೇಡಂಗೆ ಫೋನ್ ಮಾಡಿದಳು.

ಎಲೆ ಮೇಡಂ ಬಂದಳು, ಜೊತೆಯಲ್ಲಿ ಕ್ಯಾಮೆರಾದವನನ್ನೂ ಕರೆತಂದಳು. ಅವಳು ಬಂದದ್ದು ನಾದಿನಿಯ ಕೈ ನೋಡುವುದಕ್ಕಲ್ಲ. ಈ ಸಲೂನಿನಲ್ಲಿ ಸರಕು ಬಿಸಿಬಿಸಿಯಾಗಿ ಖರ್ಚಾಗುತ್ತಿದ್ದದ್ದು ಕಂಪನಿಗೆ ಹಿಡಿಸಿತ್ತು. ದೊಡ್ಡಕ್ಕನ ಕೈಗಳ ಫೋಟೋ ತೆಗೆದು ಎಲ್ಲ ಸಲೂನುಗಳ ಗೋಡೆಗೂ ಅಂಟಿಸುವುದು ಅಂತ ಮೇಲಿನವರು ತೀರ್ಮಾನ ಮಾಡಿದ್ದರು. ಮಧ್ಯಾಹ್ನದ ಹೊತ್ತು. ಎಲ್ಲ ಕುರ್ಚಿಯಲ್ಲೂ ಗಿರಾಕಿಗಳಿದ್ದರು. ದೊಡ್ಡಕ್ಕನ ಕುರ್ಚಿಯಲ್ಲಿ ಒಬ್ಬ ಟೀಚರಮ್ಮ ಅರ್ಧ ಕತ್ತರಿಸಿದ ಒದ್ದೆ ಕೂದಲಿನಲ್ಲಿ ಕೂತಿದ್ದಳು.

ಮಾಲಕಿ ದನಿ ತಗ್ಗಿಸಿ ನಾದಿನಿಯ ವಿಷಯ ತೆಗೆದಳು. ಎಲೆ ಮೇಡಂ ದನಿ ತಗ್ಗಿಸಲಿಲ್ಲ.

"ಅದು ಅವರವರ ಚರ್ಮದ ದೋಷ ಮೇಡಂ. ನಮ್ಮ ಸಾಮಾನಿನದಲ್ಲ. ಬೇಕಿದ್ರೆ ದೊಡ್ಡಕ್ಕನ ಕೈ ನೋಡಿ. ದಿನಾ ಮುಟ್ಟುತ್ತಾರೆ. ಏನಾದರೂ ಆಗಿದೆಯಾ?"

"ಅದೂ ಸರಿಯೇ," ಅಂದಳು ಮಾಲಕಿ. ನಾದಿನಿಯ ಕಡೆ ತಿರುಗಿ, "ನೀನು ನಾಳೆಯಿಂದ ಬರೋದು ಬೇಡಮ್ಮ. ಬೇರೆ ಏನಾದರೂ ನೋಡ್ಕೋ," ಅಂದಳು.

ನಾದಿನಿ ಟವೆಲ್ ಮಡಚಿದಳು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು.

ಕ್ಯಾಮೆರಾದವನು ದೊಡ್ಡಕ್ಕನ ಕೈಗಳನ್ನು ಬೆಳಕಿಗೆ ತಿರುಗಿಸುತ್ತಿದ್ದ. "ಸ್ವಲ್ಪ ಮೇಲೆ ಅಕ್ಕಾ. ಹಾಂ, ಹಾಗೆ."

"ಈ ಕೈಗೆ ಏನೂ ಗೊತ್ತಾಗಲ್ಲ," ಅಂದಳು ದೊಡ್ಡಕ್ಕ.

"ನೋಡಿದ್ರಾ, ಎಷ್ಟು ವಿನಯ!" ಎಲೆ ಮೇಡಂ ನಕ್ಕಳು.

ದೊಡ್ಡಕ್ಕ ಏಪ್ರನ್ನಿನ ಎದೆಗೆ ಚುಚ್ಚಿದ್ದ ಸೇಫ್ಟಿ ಪಿನ್ ಬಿಚ್ಚಿದಳು. ಎಡಗೈಯ ತೋರುಬೆರಳ ತುದಿಗೆ ಅದನ್ನಿಟ್ಟು ಒತ್ತಿದಳು. ಅವಸರವಿಲ್ಲದೆ, ಗುಂಡಿ ಹೊಲಿಯುವವಳ ಹಾಗೆ. ಪಿನ್ ಒಳಗೆ ಹೋಯಿತು. ರಕ್ತ ಒಂದು ಮಣಿಯಾಗಿ ನಿಂತು, ದಪ್ಪವಾಗಿ, ಇಳಿಯಿತು. ಅವಳ ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ.

"ಅತ್ತಿಗೆ!" ಅಂದಳು ನಾದಿನಿ.

"ಹತ್ತು ಬೆರಳೂ ಹೀಗೇ," ಅಂದಳು ದೊಡ್ಡಕ್ಕ. ಅಡುಗೆಗೆ ಉಪ್ಪು ಕಮ್ಮಿ ಅನ್ನುವ ದನಿ ಅದು. "ಹಳೇ ಬಾಟಲಿಗಳು ಮಾಡಿದ ಕೆಲಸ. ಅವುಗಳ ಮೇಲೆ ಹೂವಿನ ಚಿತ್ರ ಇತ್ತು. ಈ ಬೆರಳಿಗೂ ಆ ಮೂರನೇ ಬಟ್ಟಲು ಚುಚ್ಚಿತು. ಚುಚ್ಚಿದ್ದಕ್ಕೇ ಆರಿಸಿದೆ, ಏನೋ ಒಂದು ಗೊತ್ತಾಯ್ತಲ್ಲ ಅಂತ. ನೀವು ನೋಡ್ಬೇಕಾದ್ದು ನನ್ನ ಕೈಯಲ್ಲ. ಇವಳ ಕೈ ನೋಡಿ."

ಡ್ರೈಯರುಗಳು ಒಂದೊಂದಾಗಿ ನಿಂತವು. ಟೀಚರಮ್ಮ ನಿಧಾನಕ್ಕೆ ತನ್ನ ಕಿವಿ ಮುಟ್ಟಿ ನೋಡಿಕೊಂಡಳು.

"ದೊಡ್ಡಕ್ಕಾ... ಇಷ್ಟು ವರ್ಷ ನನಗೆ ಕತ್ತರಿಸಿದ್ದು ಇದೇ ಕೈನಾ?"

"ಹೂಂ ಅಮ್ಮ. ಕಣ್ಣಿಂದ ಕತ್ತರಿಸ್ತೀನಿ. ನಿಮ್ಮ ಕಿವಿಗೇನೂ ಆಗಿಲ್ಲ, ಭಯಪಡಬೇಡಿ."

ಯಾರೋ ನಗಲು ಹೋಗಿ ನಿಲ್ಲಿಸಿಕೊಂಡರು. ತಲೆ ತೊಳೆಯುವ ಇಬ್ಬರಲ್ಲಿ ಒಬ್ಬಳು ಬಣ್ಣದ ಸಾಮಾನಿನ ಡ್ರಾಯರ್ ಎಳೆದು ಗ್ಲೌಸ್ ತೆಗೆದಳು, ಹಾಕಿಕೊಂಡಳು. ಇನ್ನೊಬ್ಬಳೂ ಹಾಕಿಕೊಂಡಳು. ಮೂರನೆಯ ಜೊತೆಯನ್ನು ನಾದಿನಿಯ ಮುಂದೆ ಇಟ್ಟಳು. ಮಾಲಕಿ ಬಾಯಿ ತೆರೆದಳು. ಸಾಲಾಗಿ ಕೂತ ಗಿರಾಕಿಗಳು ಕನ್ನಡಿಗಳೊಳಗಿಂದ ಅವಳನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿದಳು. ನಾಳೆಯಿಂದ ಬರಬೇಡ ಅಂದ ಮಾತು ಅಲ್ಲೇ ಗಾಳಿಗೆ ಹೋಯಿತು. ಅದನ್ನು ಮತ್ತೆ ಎತ್ತುವ ಧೈರ್ಯ ಅವತ್ತು ಅವಳಿಗಾಗಲಿಲ್ಲ.

ಎಲೆ ಮೇಡಂ ಮಾತ್ರ ಕೆಲಸ ಕೆಡಿಸಿಕೊಳ್ಳುವವಳಲ್ಲ. ಕೌಂಟರಿನಲ್ಲಿ ಕೂತು ಫೋನ್ ಎತ್ತುವವಳನ್ನು ಕರೆದು, ಅವಳ ಕೈಗೆ ಬಾಟಲಿ ಕೊಟ್ಟು ಫೋಟೋ ತೆಗೆಸಿಕೊಂಡು ಹೋದಳು. ಮೆತ್ತನೆಯ, ಬಿಳಿಯ ಕೈ. ಈ ಜನ್ಮದಲ್ಲಿ ಬೇರೆಯವರ ತಲೆ ತೊಳೆದದ್ದಲ್ಲ.

ಸಂಜೆ ಮನೆಯ ದಾರಿಯಲ್ಲಿ ನಾದಿನಿ ಉಗಿದಳು.

"ದೊಡ್ಡ ಧೀರೆ! ಪಿನ್ ಚುಚ್ಕೊಂಡ್ರಂತೆ! ನಿಮಗೆ ನೋವಾಗಲ್ಲ, ಸರಿ. ನೋಡೋವ್ರಿಗೆ ಆಗಲ್ವಾ?"

"ನಿನ್ನ ಕೆಲಸ ಉಳೀತಲ್ಲ."

"ನಿಮ್ಮದು?"

ನಾದಿನಿ ಸ್ವಲ್ಪ ದೂರ ಮುಂದೆ ಮುಂದೆ ನಡೆದು, ನಿಂತು, ದೊಡ್ಡಕ್ಕ ಬರುವ ತನಕ ಕಾದಳು.

ಮರುದಿನ ಕುರ್ಚಿ ಬೇರೆಯವಳ ಪಾಲಾಗಿತ್ತು, ಗ್ಲೌಸ್ ಇದ್ದ ಡ್ರಾಯರಿಗೆ ಬೀಗ ಬಿದ್ದಿತ್ತು. ಹಳೇ ಗಿರಾಕಿಗಳಿಗೆ ಹೆದರಿ ಮಾಲಕಿ ದೊಡ್ಡಕ್ಕನನ್ನು ಹೊರಗೆ ಹಾಕಲಿಲ್ಲ. "ಕೈಯಿಲ್ಲದಿದ್ರೂ ಬಾಯಿ ಚೆನ್ನಾಗಿದೆಯಲ್ಲ," ಅಂದಳು. "ಬಾಟಲಿ ಮಾರು, ಸಾಕು."

ದೊಡ್ಡಕ್ಕ ಬಾಟಲಿಗಳ ಕಪಾಟಿನ ಪಕ್ಕ ನಿಂತಳು. ಮೊದಲ ಗಿರಾಕಿ ಒಂದನ್ನು ಎತ್ತಿಕೊಂಡು ಕೇಳಿದಳು, "ಒಳ್ಳೇದಾ ದೊಡ್ಡಕ್ಕ?"

"ನದಿಗೆ ಒಳ್ಳೇದು. ಮೀನಿಗೆ ಒಳ್ಳೇದು. ನಿಮ್ಮ ತಲೆಗೂ ಏನಾಗಲ್ಲ. ದಿನಾ ಇದರಲ್ಲಿ ಕೈಯಿಟ್ಟವರಿಗೆ ಕೈ ಒಡೆಯುತ್ತೆ. ಅಲ್ಲಿ ಬೇಸಿನ್ ಹತ್ರ ಇದ್ದಾರೆ, ಹೋಗಿ ನೋಡಿ."

ಗಿರಾಕಿ ಬೇಸಿನ್ ಕಡೆ ನೋಡಿದಳು. ಬಾಟಲಿ ಕೆಳಗಿಟ್ಟಳು. ಎರಡನೆಯವಳು ನೋಡಲೂ ಇಲ್ಲ, ತಗೊಂಡು ಹೋದಳು. ಮೂರನೆಯವಳು ಮಾಲಕಿಯ ಹತ್ತಿರ ಹೋಗಿ, ಇವರಿಗೆ ಗ್ಲೌಸ್ ಕೊಡಬಾರದಾ ಅಂತ ಕೇಳಿದಳು. ದೊಡ್ಡಕ್ಕ ಎಲ್ಲರಿಗೂ ಅದೇ ಮಾತು ಹೇಳಿದಳು, ಅದೇ ದನಿಯಲ್ಲಿ. ಸಿಟ್ಟಿಲ್ಲ, ಬೇಜಾರಿಲ್ಲ, ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಊಟದ ಹೊತ್ತಿಗೆ ಮಾಲಕಿ ಬಂದು ಎದುರು ನಿಂತಳು. ಮುಖ ಕೆಂಡವಾಗಿತ್ತು.

"ನಾಳೆಯಿಂದ ನೀನು ಬರಬೇಡ."

"ಸರಿ," ಅಂದಳು ದೊಡ್ಡಕ್ಕ. "ಇವತ್ತು ಸಂಜೆ ತನಕ ಇದ್ದೀನಲ್ಲ."

ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ದೊಡ್ಡಕ್ಕ ಅತ್ತ ತಿರುಗಿದಳು.