ಟೂಲ್ ಬಾಕ್ಸಿನ ಕೆಂಪು ಬೀಗ

ಮೊದಲೇ ಹೇಳಿಬಿಡುತ್ತೇನೆ, ಆ ಬೀಗ ಬಿದ್ದದ್ದು ನನ್ನಿಂದ. ನನ್ನ ಬಾಯಿಂದ. ಹನ್ನೊಂದು ತಿಂಗಳು ಇದನ್ನು ಯಾರಿಗೂ ಹೇಳಿರಲಿಲ್ಲ, ಹೊಟ್ಟೆಯಲ್ಲಿ ಹುಟ್ಟಿದ ಸೌಮ್ಯಾಳಿಗೂ ಹೇಳಿರಲಿಲ್ಲ. ಕೇಳಿದವರಿಗೆಲ್ಲ, ಇವರಿಗೆ ಕಂಡದ್ದಕ್ಕೆಲ್ಲ ಬೀಗ ಹಾಕುವ ಚಟ ಎಂದು ಸುಳ್ಳು ಹೇಳಿ ಸಾಗಹಾಕುತ್ತಿದ್ದೆ.

ಇವರು ಎಂದರೆ ನನ್ನ ಗಂಡ ವಾಸುದೇವ. ವಡೋದರಾ ಪಕ್ಕದ ಕೊಯಾಲಿಯ ರಿಫೈನರಿಯಲ್ಲಿ ಮೂವತ್ತನಾಲ್ಕು ವರ್ಷ ರಿಪೇರಿ ವಿಭಾಗದಲ್ಲಿ ದುಡಿದವರು. ತುಮಕೂರಿನಿಂದ ಮದುವೆಯಾಗಿ ಬಂದ ನನಗೆ ನಾಲ್ಕು ಮಾತು ಗುಜರಾತಿ ಕಲಿಸುವುದು ಬಿಟ್ಟು ಸ್ಪ್ಯಾನರುಗಳ ನಂಬರು ಕಲಿಸಿದ ಮಹಾನುಭಾವ. ನಿವೃತ್ತಿಯಾದ ಮೇಲೆ ಬೇರೆ ಗಂಡಸರು ಕಾಶಿಗೋ ದ್ವಾರಕೆಗೋ ಹೋದರೆ, ಇವರು ಅಹಮದಾಬಾದಿನ ನರೋಡಾದಲ್ಲಿ ಒಂದು ವರ್ಕ್‌ಶಾಪ್ ಹಿಡಿದು, ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಮನೆ ಮಾಡಿಸಿದರು. ಎರಡು ಮಂಚ, ಒಂದು ಒಲೆ, ಒಂದು ಸಿಂಕು, ಕೆಳಗೆ ಎರಡು ಚಕ್ರ. ಎಲ್ಲರೂ ಅದನ್ನು ಕ್ಯಾರವಾನ್ ಎನ್ನುತ್ತಾರೆ, ನಾನು ಡಬ್ಬಿ ಎನ್ನುತ್ತೇನೆ. ಬೈದುಕೊಂಡೇ ಹತ್ತಿದೆ, ಹತ್ತಿದ ಮೇಲೆ ಇಳಿಯುವ ಮನಸ್ಸಾಗಲಿಲ್ಲ. ಚಾಂಪಾನೇರಿನ ಬೆಟ್ಟದಡಿ ಎರಡು ರಾತ್ರಿ, ತಿಥಲ್ ಕಡಲ ದಂಡೆಯಲ್ಲಿ ನಾಲ್ಕು ರಾತ್ರಿ ಕಳೆದೆವು. ತಿಥಲ್‌ನಲ್ಲಿ ಬೆಳಿಗ್ಗೆ ಡಬ್ಬಿಯ ಬಾಗಿಲು ತೆಗೆದು ಸಮುದ್ರ ನೋಡುತ್ತ ಇಬ್ಬರೂ ಕಾಫಿ ಕುಡಿದೆವು. ಮದುವೆಯಾಗಿ ಮೂವತ್ತೆಂಟು ವರ್ಷಕ್ಕೆ ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅದೇ ಮೊದಲು.

ಪ್ರತಿ ಸಲವೂ ಹೊರಡುವ ಮೊದಲು ಅಡುಗೆ ಸಾಮಾನು ಕಟ್ಟಲು ನನಗೆ ಅರ್ಧ ಗಂಟೆ ಸಾಕು. ಟೂಲ್ ಬಾಕ್ಸ್ ಕಟ್ಟಲು ಇವರಿಗೆ ಎರಡು ದಿನ ಬೇಕು. ದಪ್ಪ ಫೋಮ್ ತಂದು, ಒಂದೊಂದು ಹತ್ಯಾರಿನ ಆಕಾರವನ್ನು ಪೆನ್ಸಿಲ್ಲಿನಲ್ಲಿ ಬರೆದು, ಬ್ಲೇಡಿನಲ್ಲಿ ಕೊರೆದು ಗುಳಿ ಮಾಡಿದ್ದರು. ಸ್ಪ್ಯಾನರಿಗೆ ಸ್ಪ್ಯಾನರಿನ ಗುಳಿ, ಸುತ್ತಿಗೆಗೆ ಸುತ್ತಿಗೆಯ ಗುಳಿ. ಟೈರಿನ ಗಾಳಿ ನೋಡುವ ಮೀಟರು, ಫ್ಯೂಸುಗಳು, ನೀರಿನ ಪೈಪಿಗೆ ಸುತ್ತುವ ಟೇಪು, ಡಬ್ಬಿಯನ್ನು ಸಮ ನಿಲ್ಲಿಸಲು ಮಟ್ಟ ನೋಡುವ ಗಾಜಿನ ಕೊಳವೆ, ಎಲ್ಲಕ್ಕೂ ಅದರದರ ಜಾಗ. ಒಂದು ಗುಳಿ ಖಾಲಿ ಇದ್ದರೂ ಮುಚ್ಚಳ ಮುಚ್ಚುವಂತಿಲ್ಲ, ಗಾಡಿ ಹೊರಡುವಂತಿಲ್ಲ. ಯಾರಾದರೂ ಏನನ್ನಾದರೂ ತೆಗೆದುಕೊಂಡರೆ ಆ ಗುಳಿಯಲ್ಲಿ ತಮ್ಮ ಹಿತ್ತಾಳೆ ಬಿಲ್ಲೆ ಇಟ್ಟು ಹೋಗಬೇಕು. ರಿಫೈನರಿಯಲ್ಲಿ ಹಾಗೆ. ಬಿಲ್ಲೆಯ ಮೇಲೆ ಕೆಲಸಗಾರನ ನಂಬರು ಇರುತ್ತದೆ, ಸಾಮಾನು ಯಾರ ಕೈಯಲ್ಲಿದೆ ಎಂದು ನೋಡಿದ ತಕ್ಷಣ ಗೊತ್ತಾಗುತ್ತದೆ. ಗ್ಯಾಂಗಿಗೆ ಸೇರಿದವನಿಗೆ ಮಾತ್ರ ಬಿಲ್ಲೆ.

“ಬಿಲ್ಲೆ ಇಲ್ದೋರು ಸಾಮಾನು ಮುಟ್ಟೋ ಹಾಗಿಲ್ಲ,” ಎನ್ನುತ್ತಿದ್ದರು ನನ್ನನ್ನು ನೋಡಿ.

“ನಂಗೆ ಬಿಲ್ಲೇನೂ ಬೇಡ, ಗಿಲ್ಲೇನೂ ಬೇಡ,” ಎಂದು ನಾನು ಸ್ಕ್ರೂಡ್ರೈವರ್ ಎತ್ತಿಕೊಂಡು ಹೋಗಿ ಉಪ್ಪಿನಕಾಯಿ ಡಬ್ಬದ ಮುಚ್ಚಳ ಮೀಟುತ್ತಿದ್ದೆ. ಸುತ್ತಿಗೆಯಲ್ಲಿ ಬೆಲ್ಲ ಒಡೆದಿದ್ದೇನೆ. ನಮ್ಮ ಮನೆಯ ಇಕ್ಕಳದ ಕೀಲು ಸಡಿಲವಾದ ಮೇಲಂತೂ ದಿನಾ ಹಾಲಿನ ಪಾತ್ರೆ ಇಳಿಸುತ್ತಿದ್ದದ್ದು ಇವರ ಪ್ಲೇಯರಿನಲ್ಲೇ.

ಹೋದ ಡಿಸೆಂಬರಿನಲ್ಲಿ ಅಹಮದಾಬಾದಿನಾಚೆಯ ಪೋಳೋ ಕಾಡಿಗೆ ಹೊರಡಬೇಕಿತ್ತು. ಅದಕ್ಕೂ ಹಿಂದಿನ ವಾರವೆಲ್ಲ ಇವರು ಮಧ್ಯಾಹ್ನ ಹೊತ್ತು ಶೆಡ್ಡಿನಲ್ಲಿ ಕೂತು ಟಿಕ್ ಟಿಕ್ ಎಂದು ಏನನ್ನೋ ಕುಟ್ಟುತ್ತಿದ್ದರು. ನನ್ನ ಒಂದು ಗಳಿಗೆ ನಿದ್ದೆಗೂ ಕಲ್ಲು ಹಾಕಿದರಲ್ಲ ಎಂದು ಗೊಣಗಿದ್ದೆ. ಡಬ್ಬಿಯನ್ನು ಜೀಪಿಗೆ ಸಿಕ್ಕಿಸುವ ಕೊಂಡಿಯಲ್ಲಿ ಒಂದು ಪಿನ್ನು ಸವೆದಿತ್ತು. ಅದನ್ನು ತರಲು ಶುಕ್ರವಾರ ಬೆಳಿಗ್ಗೆ ನರೋಡಾಗೆ ಬಸ್ಸಿನಲ್ಲಿ ಹೊರಟು ನಿಂತರು. ಹೊರಡುವ ಮುನ್ನ ಬಾಕ್ಸ್ ತೆರೆದು ನೋಡಿದರೆ ಪ್ಲೇಯರಿಲ್ಲ.

“ಇದು ಟೂಲ್ ಬಾಕ್ಸು, ನಿನ್ನ ಒಗ್ಗರಣೆ ಡಬ್ಬಿ ಅಲ್ಲ,” ಎಂದರು ಅಡುಗೆಮನೆ ಬಾಗಿಲಲ್ಲಿ ನಿಂತು.

ನನಗೂ ರೇಗಿತು. ಉಪ್ಪಿಟ್ಟು ಬಾಣಲೆಯಲ್ಲಿತ್ತು, ಹಾಲು ಉಕ್ಕುತ್ತಿತ್ತು. “ಅಷ್ಟು ಜೋಪಾನ ಆಗಿದ್ರೆ ಬೀಗ ಹಾಕ್ಕೊಳ್ಳಿ. ನನ್ನ ಕಣ್ಣಿಗೆ ಕಾಣಿಸ್ಬೇಡಿ,” ಎಂದುಬಿಟ್ಟೆ.

ಹಾಲಿನ ಪಾತ್ರೆ ಹಿಡಿದಿದ್ದ ಪ್ಲೇಯರನ್ನು ಕೇಳಲಿಲ್ಲ. ಹೊರಗೆ ಹೋದರು. ಬೀಗ ಬಿದ್ದ ಸದ್ದು ಕೇಳಿಸಿತು. ಆಮೇಲೆ ಗೇಟಿನ ಸದ್ದು. ಉಪ್ಪಿಟ್ಟು ತಿನ್ನದೆ ಹೋದರು. ನಡಿಯಾದ್ ದಾಟಿದ ಮೇಲೆ ಬಸ್ಸಿನಲ್ಲೇ ಎದೆ ಹಿಡಿದುಕೊಂಡರಂತೆ. ಪಕ್ಕದಲ್ಲಿ ಕೂತಿದ್ದ ಯಾರೋ ನೀರು ಕೊಟ್ಟರಂತೆ. ಆಸ್ಪತ್ರೆಯವರು ನನಗೆ ವಾಚು, ಕನ್ನಡಕ, ಫೋನು ಕೊಟ್ಟರು. ಬೀಗದ ಕೀಲಿ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಅದು ಅಂಥಿಂಥ ಬೀಗವಲ್ಲ. ರಿಫೈನರಿಯಲ್ಲಿ ಒಂದು ಪಂಪಿನೊಳಗೆ ಕೈ ಹಾಕುವವನು ಮೊದಲು ಅದರ ಸ್ವಿಚ್ಚಿಗೆ ತನ್ನ ಸ್ವಂತ ಕೆಂಪು ಬೀಗ ಹಾಕುತ್ತಾನೆ. ಒಬ್ಬನಿಗೆ ಒಂದು ಬೀಗ, ಒಂದು ಬೀಗಕ್ಕೆ ಒಂದೇ ಕೀಲಿ. ಹಾಕಿದವನೇ ತೆಗೆಯಬೇಕು. ಬೇರೆಯವರು ತೆಗೆದು ಸ್ವಿಚ್ ಒತ್ತಿದರೆ ಒಳಗಿರುವವನ ಕೈ ಹೋಗುತ್ತದೆ, ಜೀವವೂ ಹೋಗುತ್ತದೆ. ಬೀಳ್ಕೊಡುಗೆಯ ದಿನ ಜೊತೆಯವರು ಇವರಿಗೆ ಶಾಲು ಹೊದಿಸಿ, ಹಾರ ಹಾಕಿ, ಇವರದೇ ಆ ಹಳೆಯ ಬೀಗವನ್ನು ತಟ್ಟೆಯಲ್ಲಿಟ್ಟು ಕೊಟ್ಟಿದ್ದರು. ಶಾಲನ್ನು ನಾನು ಮಡಿಸಿಟ್ಟೆ, ಬೀಗವನ್ನು ಇವರು ದಿನಾ ಒರೆಸಿಟ್ಟರು.

ಈ ದೀಪಾವಳಿಗೆ ಸೌಮ್ಯಾ ಸೂರತ್ತಿನಿಂದ ಮಗಳು ಅರ್ಚಿತಾಳನ್ನು ಕರೆದುಕೊಂಡು ಬಂದಳು. ಅಳಿಯನಿಗೆ ಹಜೀರಾದಲ್ಲಿ ಕೆಲಸ, ರಜೆ ಸಿಗಲಿಲ್ಲ. ಪೋಳೋ ಕಾಡಿಗೆ ಹೋಗೋಣ, ತಾತ ಕರೆದುಕೊಂಡು ಹೋಗುತ್ತೇನೆ ಎಂದಿದ್ದರು ಎಂದು ಮಗು ಒಂದೇ ಹಟ ಹಿಡಿಯಿತು. ಆಯಿತು, ಹೋಗೋಣ ಎಂದು ನಾನೇ ಒಪ್ಪಿದೆ. ಜೀಪು ತಾನು ಓಡಿಸುತ್ತೇನೆ ಎಂದು ಸೌಮ್ಯಾ ಕೊಂಡಿಗೆ ಹೊಸ ಪಿನ್ನನ್ನೂ ತರಿಸಿದಳು. ಒಪ್ಪಿದ ಮೇಲೆ ಗೊತ್ತಾಯಿತು, ಡಬ್ಬಿಯ ಚಕ್ರದ ನಟ್ಟುಗಳು ಮಾಮೂಲಿ ಅಳತೆಯವಲ್ಲ, ವರ್ಕ್‌ಶಾಪಿನವರೇ ಮಾಡಿದ್ದು. ಅದಕ್ಕೆ ಹೊಂದುವ ಒಂದೇ ಒಂದು ಸ್ಪ್ಯಾನರು ಬೀಗದೊಳಗಿದೆ. ಅದಿಲ್ಲದೆ ದಾರಿಯಲ್ಲಿ ಟೈರು ಕೂತರೆ ನಾವೂ ಅಲ್ಲೇ ಕೂರಬೇಕು.

“ಅಮ್ಮಾ, ಗ್ರೈಂಡರ್ ಇಟ್ರೆ ದೋ ಮಿನಿಟ್ ಕೆಲ್ಸ. ಬೀದಿ ಕೊನೇಲಿ ಗೇಟ್ ಮಾಡೋನಿದಾನೆ, ಕರೀಲಾ?” ಎಂದಳು ಸೌಮ್ಯಾ.

“ಯಾರೂ ಮುಟ್ಟೋ ಹಾಗಿಲ್ಲ. ಹಾಕಿದೋರೇ ತೆಗೀಬೇಕು.”

“ಪಪ್ಪಾ ಬರ್ತಾರಾ ಅಮ್ಮಾ ತೆಗಿಯೋಕೆ?”

ನಾನು ಎದ್ದು ಒಳಗೆ ಹೋದೆ. ಹನ್ನೊಂದು ತಿಂಗಳಲ್ಲಿ ಇವರು ಇಲ್ಲ ಎಂಬ ಒಂದು ಮಾತು ನನ್ನ ಬಾಯಲ್ಲಿ ಬಂದಿರಲಿಲ್ಲ. ಆಸ್ಪತ್ರೆಯ ಕಾಗದಕ್ಕೆ ಅಳಿಯ ಸಹಿ ಹಾಕಿದ, ಪಿಂಚಣಿಯ ಕಾಗದ ತುಂಬಿದವಳು ಸೌಮ್ಯಾ. ತಿಂಗಳು ತಿಂಗಳು ಇವರ ಫೋನಿಗೆ ರೀಚಾರ್ಜ್ ಮಾಡಿಸಿ, ಚಾರ್ಜಿಗಿಟ್ಟು, ಬೀರುವಿನಲ್ಲಿ ಪಂಚೆಗಳ ಮೇಲೆ ಇಡುತ್ತಿದ್ದೆ. ಆ ಬೀಗ ಹಾಗೇ ಇರುವ ತನಕ ಇವರಿಗೆ ಬಂದು ತೆಗೆಯುವ ಕೆಲಸ ಬಾಕಿ ಇದೆ ಎಂದೇ ನನ್ನ ಲೆಕ್ಕ. ಹುಚ್ಚು ಎನ್ನಿ, ನನಗೇನೂ ಬೇಸರವಿಲ್ಲ.

ಸೌಮ್ಯಾ ಗೇಟಿನವನನ್ನು ಕರೆಯಲಿಲ್ಲ, ನಂಜುಂಡನಿಗೆ ಫೋನ್ ಮಾಡಿದಳು. ನಂಜುಂಡ ಇವರ ಕೈಕೆಳಗೆ ಇಪ್ಪತ್ತು ವರ್ಷ ಕೆಲಸ ಮಾಡಿದವನು, ನಂಜನಗೂಡಿನ ಕಡೆಯವನು, ನನ್ನನ್ನು ಅತ್ತಿಗೆ ಎನ್ನುತ್ತಾನೆ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಉದ್ದ ಹಿಡಿಕೆಯ ಬೋಲ್ಟ್ ಕಟ್ಟರ್ ಹಿಡಿದುಕೊಂಡು ಬಂದ. ಇನ್ನೊಂದು ಕೈಯಲ್ಲಿ ಒಂದು ಕಾಗದವಿತ್ತು.

“ಸಾರ್ ಬೀಗಾನ ಸುಮ್ನೆ ಕತ್ತರಿಸಕ್ಕೆ ನನ್ ಕೈಲಾಗಲ್ಲ ಅತ್ತಿಗೆ,” ಎಂದ. “ಡ್ಯೂಟಿ ಮುಗ್ಸಿ ಬೀಗ ಮರ್ತು ಮನೆಗೆ ಹೋದೋರ ಬೀಗ ಕತ್ತರಿಸಬೇಕಾದ್ರೆ ಒಂದು ಪದ್ಧತಿ ಇದೆ. ಸಾರೇ ನಂಗೆ ಕಲಿಸಿದ್ದು. ಮೂರು ಆಗ್ಬೇಕು, ಆಮೇಲೇನೇ ಕಟ್ಟರ್.”

ಕಾಗದದಲ್ಲಿ ಕೈಬರಹದಲ್ಲಿ ಮೂರು ಸಾಲು ಬರೆದು ತಂದಿದ್ದ. ಒಂದು, ಬೀಗದವರು ಆವರಣದಲ್ಲಿ ಎಲ್ಲೂ ಇಲ್ಲ ಎಂದು ಹುಡುಕಿ, ಕೂಗಿ, ಖಾತ್ರಿ ಮಾಡಿಕೊಳ್ಳಬೇಕು. ಎರಡು, ಫೋನ್ ಮಾಡಿ ನೋಡಬೇಕು. ಮೂರು, ಅವರು ಮತ್ತೆ ಕೆಲಸಕ್ಕೆ ಬರುವ ಮುನ್ನ ಬೀಗ ಕತ್ತರಿಸಿದ ವಿಷಯ ಅವರಿಗೆ ತಿಳಿಸಬೇಕು, ತಿಳಿಸುವವರ ಹೆಸರು ಬರೆಯಬೇಕು.

ಸೌಮ್ಯಾಳ ಮುಖ ಕೆಂಪಾಯಿತು. “ಅಂಕಲ್, ಅಮ್ಮನಿಗೆ ಯಾಕೆ ಇದೆಲ್ಲ...” ಎಂದಳು.

“ನೀನು ಸುಮ್ನಿರೇ,” ಎಂದೆ ನಾನು. ಇವರ ಕೆಲಸ ಇವರ ಪದ್ಧತಿಯಲ್ಲೇ ಆಗಲಿ ಎನಿಸಿತು. ನನಗೆ ಅಲ್ಲಿಯವರೆಗೆ ಸಮಾಧಾನ ಹೇಳಲು ಬಂದವರು ಬೇಕಾದಷ್ಟು ಜನ. ಇವರನ್ನು ಹುಡುಕಿ ನೋಡಿ ಎಂದವನು ನಂಜುಂಡ ಒಬ್ಬನೇ.

ಅಂಗಳದಲ್ಲಿ ನಿಂತು ನಂಜುಂಡ “ವಾಸುದೇವ್ ಸಾರ್” ಎಂದು ಕೂಗಿದ. ಇನ್ನೊಂದು ಸಲ ಕೂಗಿದ. ಮನೆಯೊಳಗೆ ನಾನು ಹೋದೆ. ಮಲಗುವ ಕೋಣೆಯ ಬಾಗಿಲಲ್ಲಿ ನಿಂತು “ರೀ” ಎಂದೆ. ದೇವರ ಕೋಣೆಯಲ್ಲಿ “ರೀ” ಎಂದೆ. ಹಿತ್ತಲಿನ ಶೆಡ್ಡಿನಲ್ಲಿ ಇವರ ಸ್ಟೂಲು ಹಾಗೇ ಇತ್ತು, ಮೇಲೆ ಧೂಳು ಕೂತಿತ್ತು. “ರೀ, ಇದ್ದೀರಾ?” ಎಂದೆ. ಡಬ್ಬಿಯ ಬಾಗಿಲು ತೆಗೆದು ಎರಡೂ ಮಂಚ ನೋಡಿದೆ. ಅಲ್ಲಿ ಮಾತ್ರ ಕೂಗಲು ಆಗಲಿಲ್ಲ, ಮಂಚದ ಅಂಚಿಗೆ ಕೂತು ಅತ್ತೆ. ಹನ್ನೊಂದು ತಿಂಗಳು ಎಲ್ಲಿಟ್ಟುಕೊಂಡಿದ್ದೆನೋ, ಅಷ್ಟೂ ಅತ್ತೆ. ಅರ್ಚಿತಾ ಬಂದು ಮೆಟ್ಟಿಲ ಬಳಿ ನಿಂತಿದ್ದಳು, ಅವಳಮ್ಮ ಕೈಹಿಡಿದು ಕರೆದುಕೊಂಡು ಹೋದಳು.

ಆಮೇಲೆ ಫೋನು. ನನ್ನ ಫೋನಿನಿಂದ ನಾನೇ ಮಾಡಿದೆ. ಬೀರುವಿನೊಳಗಿಂದ ರಿಂಗಿನ ಸದ್ದು ಬಂತು. ಪೂರ್ತಿ ಹೊಡೆದುಕೊಂಡು ತಾನಾಗಿ ನಿಂತಿತು.

ಮೊದಲ ಸಾಲಿನ ಕೆಳಗೆ ನಂಜುಂಡ ಪೆನ್ನು ಕೊಟ್ಟ. ‘ವಾಸುದೇವ ಅವರು ಆವರಣದಲ್ಲಿ ಇಲ್ಲ’ ಎಂದು ಬರೆದೆ. ಅಕ್ಷರ ಓರೆಯಾಯಿತು. ‘ಫೋನ್ ಎತ್ತಲಿಲ್ಲ’ ಎಂದು ಎರಡನೇ ಸಾಲಿನ ಕೆಳಗೆ ಬರೆದೆ. ಮೂರನೆಯದನ್ನು ಅವನು ಬೆರಳಿನಿಂದ ಮುಚ್ಚಿ, “ಇದು ಬಿಡಿ, ಅಗತ್ಯ ಇಲ್ಲ,” ಎಂದು ಕಾಗದ ತೆಗೆದುಕೊಂಡ. ಕಟ್ಟರಿನ ಬಾಯಿಯನ್ನು ಬೀಗಕ್ಕೆ ಕೊಟ್ಟು ಎರಡೂ ಕೈಯಲ್ಲಿ ಒತ್ತಿದ. ಬೀಗ ಎರಡು ತುಂಡಾಗಿ ನೆಲಕ್ಕೆ ಬಿತ್ತು.

ಮುಚ್ಚಳ ತೆಗೆಯುವ ಮೊದಲು ನಾನು ಹೇಳಿಬಿಟ್ಟೆ. “ಇದು ಬಿದ್ದಿದ್ದು ನನ್ನಿಂದ ಕಣೇ ಸೌಮ್ಯಾ. ಪ್ಲೇಯರ್ ನನ್ ಹತ್ರ ಇತ್ತು. ಬೀಗ ಹಾಕ್ಕೊಳ್ಳಿ, ಕಣ್ಣಿಗೆ ಕಾಣಿಸ್ಬೇಡಿ ಅಂದೆ. ಹೊಟ್ಟೆಗೂ ತಿನ್ನದೆ ಸಿಟ್ಟಲ್ಲಿ ಹೋದ್ರು. ನೀವೇ ನೋಡಿ, ಅದರ ಗುಳಿ ಖಾಲಿ ಇರುತ್ತೆ.”

ನಂಜುಂಡ ಮುಚ್ಚಳ ಎತ್ತಿದ. ಎಲ್ಲವೂ ಇವರು ಇಟ್ಟ ಹಾಗೇ ಇದ್ದವು, ಎಣ್ಣೆ ಹಚ್ಚಿದ್ದ ಸ್ಪ್ಯಾನರುಗಳು ಇನ್ನೂ ಹೊಳೆಯುತ್ತಿದ್ದವು. ಪ್ಲೇಯರಿನ ಗುಳಿಯಲ್ಲಿ ಪ್ಲೇಯರಿರಲಿಲ್ಲ. ಅಲ್ಲೊಂದು ಹಿತ್ತಾಳೆ ಬಿಲ್ಲೆ ಇತ್ತು.

ನಂಜುಂಡ ಅದನ್ನು ತೆಗೆದು ನೋಡಿ, ನನ್ನ ಅಂಗೈಯಲ್ಲಿಟ್ಟ. ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ, ಉಳಿಯಿಂದ ಒಂದೊಂದೇ ಚುಕ್ಕಿ ಕುಟ್ಟಿ ಕೂಡಿಸಿದ ಅಕ್ಷರಗಳು. ಶಕುಂತಲಾ ಎಂದಿತ್ತು, ನನ್ನ ಹೆಸರು.

ಆ ವಾರವೆಲ್ಲ ಟಿಕ್ ಟಿಕ್ ಎಂದು ಕುಟ್ಟುತ್ತಿದ್ದದ್ದು ಇದನ್ನು. ನನಗೆ ಬಿಲ್ಲೆ ಮಾಡಿದ್ದರು. ಆ ಬೆಳಿಗ್ಗೆ ಅಷ್ಟು ಮಾತು ಕೇಳಿಸಿಕೊಂಡು ಹೊರಗೆ ಹೋದವರು, ನನ್ನ ಹೆಸರನ್ನು ಗುಳಿಯಲ್ಲಿಟ್ಟು, ಸಾಮಾನು ನನ್ನ ಕೈಯಲ್ಲಿದೆ ಎಂದು ಒಪ್ಪಿಕೊಂಡು, ಆಮೇಲೆ ಬೀಗ ಹಾಕಿದ್ದರು.

“ಸಿಟ್ಟಲ್ಲಿ ಹೋದೋರು ಬಿಲ್ಲೆ ಇಡ್ತಾರಾ ಅತ್ತಿಗೆ,” ಎಂದ ನಂಜುಂಡ. “ಅವರ ಪ್ರಕಾರ ಬಾಕ್ಸ್ ಪೂರ್ತಿ ಆಗಿತ್ತು. ಅದಕ್ಕೇ ಬೀಗ ಹಾಕಿದಾರೆ.”

ಅರ್ಚಿತಾ ಅಡುಗೆಮನೆಗೆ ಓಡಿ ಪ್ಲೇಯರ್ ತಂದು, “ಅಜ್ಜಿ, ಆ ರಹ್ಯೂ ಪಕ್ಕಡ್,” ಇಗೋ ಪ್ಲೇಯರ್ ಎಂದು ಗುಜರಾತಿಯಲ್ಲಿ ಹೇಳಿ ಕೈಗೆ ಕೊಟ್ಟಳು. ಹಾಲಿನ ಕಲೆ ಹತ್ತಿ ಅದರ ಮೂತಿ ಬೆಳ್ಳಗಾಗಿತ್ತು. ಬೇಡ, ಅದು ಒಲೆಯ ಹತ್ತಿರವೇ ಇರಲಿ ಎಂದೆ. ಬಿಲ್ಲೆಯನ್ನು ಸೆರಗಿನಲ್ಲಿ ಒರೆಸಿ ಮತ್ತೆ ಗುಳಿಯಲ್ಲಿಟ್ಟೆ. ಮುಚ್ಚಳ ಸರಿಯಾಗಿ ಕೂತಿತು.

ನಂಜುಂಡ ಬೀಗದ ತುಂಡುಗಳನ್ನು ಅದೇ ಕಾಗದದಲ್ಲಿ ಸುತ್ತಲು ಹೊರಟಿದ್ದ. “ಅದನ್ನ ಕೊಡು ಇಲ್ಲಿ,” ಎಂದೆ. “ಮೂರೂ ಆಗ್ಬೇಕು ಅಂದ್ಯಲ್ಲ.”

“ಅತ್ತಿಗೆ, ಅದು ಬೇಡ ಅಂತ...”

“ಬೇಕು.”

ಕಾಗದವನ್ನು ಬಾಕ್ಸಿನ ಮುಚ್ಚಳದ ಮೇಲೆ ಹರಡಿ, ತಿಳಿಸುವವರು ಎಂದು ಇದ್ದ ಕಡೆ ನನ್ನ ಹೆಸರು ಬರೆದೆ. ಈ ಸಲ ಅಕ್ಷರ ಓರೆಯಾಗಲಿಲ್ಲ. ನನ್ನ ದಿನ ಬಂದಾಗ ನಾನೇ ಹೋಗಿ ಹೇಳುತ್ತೇನೆ. ಬೀಗ ಕತ್ತರಿಸಿದೆವು, ಪದ್ಧತಿ ಪ್ರಕಾರವೇ ಕತ್ತರಿಸಿದೆವು, ನಿಮ್ಮನ್ನು ಮನೆಯೆಲ್ಲ ಹುಡುಕಿದೆ, ಕೂಗಿದೆ, ನೀವು ಇರಲಿಲ್ಲ ಎಂದು ಹೇಳುತ್ತೇನೆ. ಉಪ್ಪಿಟ್ಟಿನ ವಿಷಯ ಆಮೇಲೆ ತೆಗೆಯುತ್ತೇನೆ.