ಕರಡಿ, ಕೇರಾಫ್ ವೆಂಕಟಮ್ಮ

ಕರಡಿಗೆ ವೆಂಕಟಮ್ಮನ ಮನೆಯ ವಿಳಾಸ ಕೊಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮುನಿಕೃಷ್ಣನನ್ನು ಬೈಯುವುದು ಬೇಡ. ಅವನನ್ನು ಬೈಯಲು ಬೇರೆ ಕಾರಣಗಳು ಬೇಕಾದಷ್ಟಿವೆ.

ಇದು ಹೋದ ವರ್ಷದ ಮಾತು, ಎರಡು ಸಾವಿರದ ಒಂಬತ್ತನೆಯ ಇಸವಿ. ಪೀಣ್ಯ ಎರಡನೇ ಹಂತದಲ್ಲಿ ಒಂದು ಲೇತ್ ಮಷೀನ್ ಶಾಪಿನ ಮೇಲೆ ಮುನಿಕೃಷ್ಣನ ಡೇಟಾ ಎಂಟ್ರಿ ಆಫೀಸಿತ್ತು. ಎಂಟು ಕಂಪ್ಯೂಟರ್, ಎಂಟು ಹುಡುಗಿಯರು, ಕೆಳಗಿನ ಮಷೀನು ತಿರುಗಿದಾಗಲೆಲ್ಲ ನಡುಗುವ ಮೇಜುಗಳು. ಯಾವುದೋ ಹಳೆಯ ಮ್ಯೂಸಿಯಮ್ಮಿನಲ್ಲಿ ನೂರು ವರ್ಷದ ಹಿಂದೆ ಹಿಡಿದಿಟ್ಟ ಪ್ರಾಣಿಗಳಿದ್ದವು. ಕೆಲವು ಬಾಟಲಿಯಲ್ಲಿ, ಕೆಲವಕ್ಕೆ ಹೊಟ್ಟೆಯಲ್ಲಿ ಹತ್ತಿ. ಒಂದೊಂದಕ್ಕೂ ಒಂದೊಂದು ಚೀಟಿ ಕಟ್ಟಿದ್ದರು. ಆ ಚೀಟಿಗಳ ಫೋಟೋ ನಮ್ಮಲ್ಲಿಗೆ ಬರುತ್ತಿತ್ತು. ಪ್ರಾಣಿಯ ಹೆಸರು, ಸಿಕ್ಕ ಊರು, ತಾರೀಖು, ಹಿಡಿದವನ ಹೆಸರು, ಇಷ್ಟನ್ನು ನಾವು ಟೈಪ್ ಮಾಡಬೇಕು. ಹೀಗೆ ಹನ್ನೊಂದು ಮ್ಯೂಸಿಯಂಗಳು ತಮ್ಮ ಪಟ್ಟಿಯನ್ನು ತಮ್ಮಲ್ಲೇ ಇಟ್ಟುಕೊಂಡು, ಕೇಳಿದವರಿಗೆಲ್ಲ ತೋರಿಸಲು ಒಪ್ಪಿಕೊಂಡಿದ್ದವು. ಎಲ್ಲೋ ಕುಳಿತ ಯಾರೋ ಒಂದು ಕಪ್ಪೆಯ ಹೆಸರು ಹೊಡೆದರೆ ಸಾಕು, ವೆಬ್‌ಸೈಟು ಹನ್ನೊಂದು ಪಟ್ಟಿಯನ್ನೂ ಒಟ್ಟಿಗೆ ಹುಡುಕಿ, ಅದು ಸಿಕ್ಕ ಜಾಗದಲ್ಲಿ ನಕ್ಷೆಯ ಮೇಲೆ ಕೆಂಪು ಚುಕ್ಕೆ ಇಡುತ್ತಿತ್ತು.

ಆ ಚುಕ್ಕೆಗೆ ಅಕ್ಷಾಂಶ ರೇಖಾಂಶ ಬೇಕು. ಆ ಕಾಲಂ ಖಾಲಿ ಬಿಟ್ಟರೆ ಕಂಪ್ಯೂಟರು ಮುಂದೆ ಹೋಗುವುದಿಲ್ಲ. ಚೀಟಿ ಬರೆದ ಮಹಾನುಭಾವರೋ ‘ಹಳ್ಳದ ಆಚೆ’, ‘ಬಂಗಲೆಯ ಹಿಂದೆ’ ಎಂದು ಗೀಚಿ ಕೈತೊಳೆದುಕೊಂಡಿದ್ದರು. ಮುನಿಕೃಷ್ಣ ದಿನಕ್ಕೆ ಇನ್ನೂರು ಚೀಟಿ ಕೇಳುತ್ತಿದ್ದ. ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆ, ಆಮೇಲೆ ಎಂಟು ಜನರಲ್ಲಿ ಇಬ್ಬರನ್ನಷ್ಟೇ ಇಟ್ಟುಕೊಳ್ಳುತ್ತೇನೆ ಎಂದೂ ಹೇಳಿದ್ದ. ಉಳಿದವರಿಗೆ ಗಾರ್ಮೆಂಟ್ಸ್ ಫ್ಯಾಕ್ಟರಿಯೇ ಗತಿ. ಒಂದು ವರ್ಷ ಅಲ್ಲಿ ಕಾಜಾ ಹೊಲಿದು ಬಂದವಳು ನಾನು. ಮತ್ತೆ ಹೋಗುವ ಮಾತೇ ಇರಲಿಲ್ಲ.

ನಮ್ಮದು ಸಿಂದಗಿ ಕಡೆ. ನಾನು ಬಾಡಿಗೆಗಿರುವ ನಾಗಸಂದ್ರದ ವೆಂಕಟಮ್ಮನ ವಠಾರದಲ್ಲಿ ಆರು ರೂಮು, ರೂಮಿಗೆ ಮೂವರೇ ಎಂಬ ಕಟ್ಟಪ್ಪಣೆ. ಆದರೆ ಆ ವಿಳಾಸದಲ್ಲಿ ಎಷ್ಟು ಜನರಿದ್ದರೆಂದು ವೆಂಕಟಮ್ಮನಿಗೂ ಗೊತ್ತಿರಲಿಲ್ಲ. ಊರಿಂದ ಯಾರೇ ಬಂದರೂ ಸಿಮ್ಮಿಗೆ, ಗ್ಯಾಸಿಗೆ, ಬ್ಯಾಂಕಿಗೆ ಅದನ್ನೇ ಬರೆಸುತ್ತಿದ್ದೆವು. ಸೋದರಮಾವ ಮುದಕಪ್ಪ ನನಗೆ ಬೆಂಗಳೂರಿನಲ್ಲಿ ಕಲಿಸಿದ ಮೊದಲ ಪಾಠವೇ ಅದು. ಅಲ್ಲಿದ್ದ ನಮ್ಮೂರಿನ ಸಂಗಣ್ಣ ಊರಿಗೆ ಮರಳಿ ಮೂರು ವರ್ಷವಾಗಿತ್ತು. ಬ್ಯಾಂಕಿನವರ ಲೆಕ್ಕದಲ್ಲಿ ಅವನು ಇನ್ನೂ ನಾಲ್ಕನೇ ರೂಮಿನಲ್ಲೇ ಇದ್ದ. ಹಾಗಾಗಿ ಊರು ಸಿಗದ ಮೊದಲ ಕಪ್ಪೆ ಬಂದಾಗ ನಾನು ಹೆಚ್ಚು ಯೋಚಿಸಲಿಲ್ಲ. ಉಪಗ್ರಹದ ನಕ್ಷೆಯಲ್ಲಿ ವೆಂಕಟಮ್ಮನ ತಾರಸಿ ಹುಡುಕಿ, ಅದರ ಅಂಕಿ ಬರೆದುಕೊಂಡು, ಕಪ್ಪೆಯನ್ನು ಅಲ್ಲಿ ಇಳಿಸಿದೆ. ತಿಂಗಳ ಕೊನೆಯ ವಾರದ ಹೊತ್ತಿಗೆ ಮುನ್ನೂರ ಹನ್ನೆರಡು ಜೀವಗಳು ಅಲ್ಲಿ ಬಿಡಾರ ಹೂಡಿದ್ದವು. ಅವುಗಳಲ್ಲಿ ಎರಡು ಸಮುದ್ರದ ಏಡಿ, ಒಂದು ಕರಡಿ.

ಆ ಭಾನುವಾರ ಬೆಳಿಗ್ಗೆ ಶ್ಯಾಮಲಾ ಎಂಬ ಕಪ್ಪೆ ವಿಜ್ಞಾನಿ ಬಲೆ, ಟಾರ್ಚು, ಪ್ಲಾಸ್ಟಿಕ್ ಡಬ್ಬಿ ಹಿಡಿದು ವಠಾರದ ಬಾಗಿಲಿಗೆ ಬಂದರು. ತಲೆಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರು ವಿಷಯ ಹೇಳಿದ ಮೇಲೆ ವೆಂಕಟಮ್ಮ ನನ್ನನ್ನು ಕರೆಸಿದಳು.

"ಮಾದೇವಿ, ನಮ್ಮನೇಲಿ ಮುನ್ನೂರ ಅನ್ನೆರಡು ಜೀವ ಅವಂತೆ ಕಣೆ. ಕರಡಿನೂ ಐತಂತೆ. ನನ್ನ ಒಂದ್ ಮಾತು ಕೇಳ್ದೆ ಯಾರೇ ಇಟ್ಕಂಡಿರೋದು?"

ಕರಡಿ ಯಾರದೋ ತಪ್ಪು ಎಂದು ಶ್ಯಾಮಲಾ ಮೇಡಂಗೆ ಗೊತ್ತಿತ್ತು. ಅವರು ಬಂದದ್ದು ಒಂದು ಕಪ್ಪೆಗಾಗಿ. ಸಾವಿರದ ಒಂಬೈನೂರ ಇಪ್ಪತ್ತನಾಲ್ಕರಲ್ಲಿ ಹಿಡಿದದ್ದು, ಆಮೇಲೆ ಯಾರ ಕಣ್ಣಿಗೂ ಬಿದ್ದಿಲ್ಲ. ಚೀಟಿಯಲ್ಲಿ ಇದ್ದದ್ದು ‘ಹೊಸೂರು’ ಅಷ್ಟೇ. ಹೊಸೂರು ಬೆಂಗಳೂರಿನ ಪಕ್ಕದಲ್ಲೇ ಇದೆಯಲ್ಲ, ಚುಕ್ಕೆ ಸ್ವಲ್ಪ ಆಚೀಚೆ ಆಗಿದ್ದರೂ ಕಪ್ಪೆ ಈ ಸುತ್ತಿನದೇ ಇರಬೇಕೆಂದು ಅವರ ಆಸೆ. ಮೋರಿ ನೋಡಿದರು, ಸಂಪಿನೊಳಗೆ ಟಾರ್ಚು ಬಿಟ್ಟರು, ಒಗೆಯುವ ಕಲ್ಲನ್ನು ಎತ್ತಿಸಿದರು. ನಾನು ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಅದಕ್ಕೇ ಸುಮ್ಮನೆ ಡಬ್ಬಿ ಹಿಡಿದು ಹಿಂದೆ ಹಿಂದೆ ತಿರುಗಿದೆ. ಸೀಬೆ ಗಿಡದ ಬುಡವನ್ನೂ ಒಮ್ಮೆ ನೋಡಿ ಎಂದು ಸಲಹೆ ಬೇರೆ ಕೊಟ್ಟೆ. ಅಷ್ಟು ಕೆಟ್ಟವಳು ನಾನು.

ಅವರು ಸೋಪಿನ ನೀರಿನಲ್ಲಿ ಮಂಡಿಯೂರಿ ಗಿಡದ ಬುಡಕ್ಕೆ ಕೈ ಹಾಕಿದರು. ಹನ್ನೊಂದು ವರ್ಷದಿಂದ ಇದನ್ನೇ ಹುಡುಕುತ್ತಿದ್ದೇನೆ ಎಂದರು, ನನಗಲ್ಲ, ಗಿಡಕ್ಕೆ ಹೇಳಿದಂತೆ. ನಾನು ನಾಚಿಕೆಯಿಂದ ಡಬ್ಬಿ ಕೆಳಗಿಟ್ಟೆ.

"ಮೇಡಂ, ಏಳ್ರಿ. ಆ ಕಪ್ಪಿ ಇಲ್ಲಿಲ್ರಿ. ಅದಕ್ಕ ಊರು ಸಿಗಲಿಲ್ಲಂತ ನಾನ ಈ ಮನಿ ವಿಳಾಸ ಕೊಟ್ಟೀನಿ."

ಎಲ್ಲವನ್ನೂ ಹೇಳಿದೆ. ಅವರು ಒಗೆಯುವ ಕಲ್ಲಿನ ಮೇಲೆ ಕುಳಿತರು. ಬೈಯಲಿಲ್ಲ. ನಕ್ಷೆಯಲ್ಲಿ ಎಷ್ಟೊಂದು ಹೊಸೂರುಗಳಿವೆ, ಇನ್ನು ಯಾವುದೆಂದು ಹುಡುಕಲಿ ಎಂದರು, ಅಷ್ಟೇ.

ಆಗ ನನಗೆ ಆ ಕಪ್ಪೆ ಹಿಡಿದವನು ನೆನಪಾದ. ಅವನ ಆ ವರ್ಷದ ಚೀಟಿಗಳನ್ನೆಲ್ಲ ಟೈಪ್ ಮಾಡಿದವಳು ನಾನೇ. ಚೀಟಿಗಳು ಬರುತ್ತಿದ್ದದ್ದು ಪ್ರಾಣಿಯ ಜಾತಿಯ ಪ್ರಕಾರ, ತಾರೀಖಿನ ಪ್ರಕಾರವಲ್ಲ. ಹಾಗಾಗಿ ಒಟ್ಟಿಗೆ ಜೋಡಿಸಿ ನೋಡಿರಲಿಲ್ಲ. ಆಗಸ್ಟ್ ಹನ್ನೆರಡಕ್ಕೆ ಇಂಡಿಯಲ್ಲಿ ಚಿಟ್ಟೆ ಹಿಡಿದಿದ್ದ, ಹದಿನೈದಕ್ಕೆ ವಿಜಾಪುರದಲ್ಲಿ ಓತಿಕ್ಯಾತ. ಕಪ್ಪೆ ಸಿಕ್ಕಿದ್ದು ಹದಿಮೂರಕ್ಕೆ. ಎತ್ತಿನ ಗಾಡಿಯಲ್ಲಿ ತಿರುಗುತ್ತಿದ್ದವನು ನಡುವೆ ಬೆಂಗಳೂರಿಗೆ ಬಂದು ಹೋಗಲು ಸಾಧ್ಯವೇ?

"ಅದು ಇಂಡಿ ದಾರ್ಯಾಗಿನ ಹೊಸೂರ್ರಿ ಮೇಡಂ," ಎಂದೆ. "ನಮ್ಮ ಕಡೀದು."

ಸೋಮವಾರ ಅವರು ಆಫೀಸಿಗೇ ಬಂದರು. ಮುನಿಕೃಷ್ಣ ಸಂಗತಿ ಕೇಳಿ ಬೆವರೊರೆಸಿಕೊಂಡು, ತಪ್ಪೆಲ್ಲ ಈ ಹುಡುಗಿಯದು, ಈಗಲೇ ಕಳಿಸುತ್ತೇನೆ ಎಂದ. ಶ್ಯಾಮಲಾ ಮೇಡಂ ಅವನಿಗೆ ಸಮಾಧಾನವಾಗಿ ತಿಳಿಸಿ ಹೇಳಿದರು. ವೆಬ್‌ಸೈಟಿನಲ್ಲಿ ಅಳಿಸಿದರೆ ಪ್ರಯೋಜನವಿಲ್ಲ, ಅದು ಮ್ಯೂಸಿಯಮ್ಮಿನ ಪಟ್ಟಿಯನ್ನು ಕೇಳಿ ತೋರಿಸುತ್ತದೆ ಅಷ್ಟೇ. ಮೂಲ ಪಟ್ಟಿಯಲ್ಲೇ ಒಂದೊಂದನ್ನೂ ತಿದ್ದಬೇಕು. ಯಾವ ಪ್ರಾಣಿ ಹಿಡಿದವನು ಯಾವ ದಿನ ಎಲ್ಲಿದ್ದ ಎಂಬುದು ಇವಳೊಬ್ಬಳ ತಲೆಯಲ್ಲಿದೆ.

"ಮುನ್ನೂರ ಹನ್ನೆರಡೂ ಅದರದರ ಊರಿಗೆ ಸೇರೋ ತನಕ ಇವಳನ್ನ ಬಿಡ್ಬೇಡಿ," ಎಂದರು. ವಾರದಲ್ಲಿ ಮ್ಯೂಸಿಯಮ್ಮಿನಿಂದಲೂ ಅದೇ ಅರ್ಥದ ಪತ್ರ ಬಂತು.

ಹಾಗಾಗಿ ತಿಂಗಳ ಕೊನೆಗೆ ಮುನಿಕೃಷ್ಣ ಇಟ್ಟುಕೊಂಡದ್ದು ಇಬ್ಬರನ್ನು: ಒಂದೂ ತಪ್ಪು ಮಾಡದ ನೀಲಾಂಬಿಕಾಳನ್ನು, ಮುನ್ನೂರ ಹನ್ನೆರಡು ತಪ್ಪು ಮಾಡಿದ ನನ್ನನ್ನು. ನೀಲಾಂಬಿಕಾ ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ವೆಂಕಟಮ್ಮ ದಿನಾ ಸಂಜೆ, ಇವತ್ತು ಎಷ್ಟು ಖಾಲಿ ಮಾಡಿದವು ಎಂದು ವಿಚಾರಿಸುತ್ತಾಳೆ. ಒಂದು, ಕೆಲವು ದಿನ ಎರಡು ಎನ್ನುತ್ತೇನೆ. ಅವಸರ ಮಾಡುವ ಕೆಲಸವಲ್ಲ ಅದು. ಕರಡಿ ಹೋಯಿತೇ ಎಂದು ತಪ್ಪದೆ ಕೇಳುತ್ತಾಳೆ. ಇನ್ನೂ ಊರು ಸಿಕ್ಕಿಲ್ಲ ಎನ್ನುತ್ತೇನೆ.

ಕರಡಿಯ ಊರು ಸಂಡೂರು. ಮೊದಲ ವಾರವೇ ಸಿಕ್ಕಿತ್ತು. ಆದರೆ ಅದನ್ನು ಎಲ್ಲಕ್ಕಿಂತ ಕೊನೆಗೆ ಕಳಿಸುತ್ತೇನೆ.