ಡ್ರಮ್ಮಿನವನ ಬಲಗಾಲು

ಬೇಸ್ ಗಿಟಾರ್ ಬಾರಿಸುವವರನ್ನು ಯಾರೂ ನೋಡುವುದಿಲ್ಲ. ಹಾಡುವವನನ್ನು ನೋಡುತ್ತಾರೆ, ಗಿಟಾರಿನವನ ಕೂದಲನ್ನು ನೋಡುತ್ತಾರೆ, ಇನ್ನೇನೂ ಸಿಗದಿದ್ದರೆ ಗೋಡೆಯ ಗಡಿಯಾರವನ್ನಾದರೂ ನೋಡುತ್ತಾರೆ. ಬೇಸ್ ನಿಂತಾಗ ಮಾತ್ರ ಕುಣಿಯುತ್ತಿದ್ದವರ ಕಾಲು ತೊಡರುತ್ತದೆ, ಏನೋ ಹೋಯ್ತಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅಕ್ಕನಿಗೆ ಇದರಿಂದ ಬೇಜಾರೇನೂ ಇರಲಿಲ್ಲ. ಅಪ್ಪನೂ ಹಾಗೇ ಬಾಳಿದವನು. ಆ ಕಸುಬನ್ನೂ ತನ್ನ ಬೇಸನ್ನೂ ಮಗಳಿಗೆ ಕೊಟ್ಟು ಹೋಗಿದ್ದ.

ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ತಮ್ಮ ಹಾಗೆ ಕರೆಯುತ್ತಿದ್ದ, ಬ್ಯಾಂಡಿನವರೂ ಹಾಗೇ ಕರೆದರು, ಕಡೆಗೆ ಅವಳಿಗಿಂತ ಹತ್ತಾರು ವರ್ಷ ದೊಡ್ಡವರೂ ಅಕ್ಕ ಅನ್ನತೊಡಗಿದರು. ಬೆಳಿಗ್ಗೆ ಹೊತ್ತು ಮನೆಯ ಮುಂದಿನ ಕೋಣೆಯಲ್ಲಿ ಪಾಠ ಹೇಳುತ್ತಿದ್ದಳು. ಪಾಠವೆಂದರೆ ಅರ್ಧ ಬೈಗುಳ. "ತಂತೀನ ಕತ್ತು ಹಿಸುಕಿದ ಹಾಗೆ ಹಿಡಿದಿದ್ದೀಯಲ್ಲ, ಅದೇನು ನಿನ್ನ ವೈರೀನಾ? ಮೆಲ್ಲಗೆ ಒತ್ತು." "ಬೇಗ ಬಾರಿಸೋದು ಯಾರಿಗಾದ್ರೂ ಬರುತ್ತೆ. ನಿಧಾನ ಬಾರಿಸಿ ತೋರಿಸು, ಆಮೇಲೆ ಮಾತಾಡು." "ದುಬಾರಿ ಬೇಸೇ ಬೇಕು ಅಂತ ಮನೆಯವರ ಪ್ರಾಣ ತಿನ್ನಬೇಡ. ಇರೋದಕ್ಕೆ ಒಳ್ಳೆ ತಂತಿ ಹಾಕಿಸು. ಹೋದಲ್ಲೆಲ್ಲ ಇನ್ನೊಂದು ಕೇಬಲ್ ಜೊತೆಗಿರಲಿ, ಮೊದಲನೇದು ಕೈ ಕೊಟ್ಟೇ ಕೊಡುತ್ತೆ."

ಇವೆಲ್ಲ ಅಪ್ಪನ ಮಾತುಗಳು. ಅಪ್ಪ ಒತ್ತಿ ಒತ್ತಿ ಹೇಳುತ್ತಿದ್ದದ್ದು ಬೇರೆಯೇ. ಜನರನ್ನು ನೋಡಬೇಡ, ಡ್ರಮ್ಮಿನವನ ಬಲಗಾಲು ನೋಡು. ಅದು ದೊಡ್ಡ ಡ್ರಮ್ಮಿನ ಪೆಡಲ್ ತುಳಿದಾಗಲೇ ನಿನ್ನ ಬೆರಳು ತಂತಿ ಮೀಟಬೇಕು, ಅದಕ್ಕೂ ಮುಂಚೆ ಅಲ್ಲ, ಆಮೇಲೂ ಅಲ್ಲ. ಇನ್ನೊಂದು: ಹಾಲ್‌ನಲ್ಲಿ ಹೊಡೆದಾಟ ಶುರುವಾದರೆ ಬಾರಿಸುವುದನ್ನು ನಿಲ್ಲಿಸಬೇಡ. ಹಾಡು ನಡೆಯುತ್ತಿದ್ದರೆ ಜಗಳಕ್ಕೆ ಬಿದ್ದ ಇಬ್ಬರು ಹೊಡೆದಾಡಿಕೊಂಡು ಸುಸ್ತಾಗುತ್ತಾರೆ. ಹಾಡು ನಿಂತರೆ ಸುಮ್ಮನೆ ಕೂತವನೂ ಕುರ್ಚಿ ಎತ್ತುತ್ತಾನೆ.

ಡ್ರಮ್ ಬಾರಿಸುತ್ತಿದ್ದವನು ಅವಳ ತಮ್ಮನೇ. ಅವಳು ಅವನನ್ನು ಪುಟ್ಟ ಎಂದು ಕರೆಯುತ್ತಿದ್ದಳು, ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರ ಬೆಳೆದ ಮೇಲೂ. ಕೋಪ ಅವನಿಗೆ ಮೂಗಿನ ತುದಿಯಲ್ಲೇ. ಎರಡು ವರ್ಷದ ಹಿಂದೆ, ಅಪ್ಪ ಇನ್ನೂ ಬಾರಿಸುತ್ತಿದ್ದಾಗ, ಬಸ್ ಡಿಪೋದ ಒಬ್ಬ ಮೆಕ್ಯಾನಿಕ್ ಕುಡಿದು ಬಂದು ಅಪ್ಪನ ಬೇಸಿನ ಸದ್ದು ಹೆಚ್ಚಿಸುವ ಆಂಪಿನ ಮೇಲೆ ಬಿಯರ್ ಸುರಿದು, "ಮುದುಕಾ, ಈಗ ಬಾರಿಸು ನೋಡೋಣ" ಎಂದಿದ್ದ. ಅವನಿಗೆ ಬೋಲ್ಟು ಎಂದು ಹೆಸರು. ಎಲ್ಲಿ ಕೂತರೂ ಅಲುಗಾಡದ ಆಸಾಮಿ ಎಂದೋ ಏನೋ. ಪುಟ್ಟ ತನ್ನ ಸ್ಟೂಲ್ ಬಿಟ್ಟೆದ್ದು, ಸಿಂಬಲ್ ಎಂಬ ಕಂಚಿನ ತಟ್ಟೆ ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡಿನಿಂದಲೇ ಬೋಲ್ಟುವಿನ ತಲೆಗೆ ಬಾರಿಸಿದ. ಬೋಲ್ಟುವಿನ ಒಂದು ಕಿವಿ ಹೋಯಿತು. ಪುಟ್ಟ ಜೈಲಿಗೆ ಹೋದ. ಅವನು ಒಳಗಿರುವಾಗಲೇ ಅಪ್ಪ ಹೋದ.

ಅಪ್ಪ ಕಡೆಗೆ ಹೇಳಿದ ಮಾತು ದೇವರ ವಿಷಯವಲ್ಲ, ಮನೆಯ ವಿಷಯವಲ್ಲ. "ಅವನನ್ನ ಸ್ಟೂಲ್ ಬಿಟ್ಟು ಏಳೋಕೆ ಬಿಡಬೇಡಮ್ಮ. ನೀನು ಬಾರಿಸ್ತಾ ಇದ್ರೆ ಅವನು ಏಳಲ್ಲ" ಎಂದಿದ್ದ. ಅದು ನಿಜವೂ ಹೌದು. ಬೇಸ್ ನಡೆಯುತ್ತಿರುವಾಗ ಡ್ರಮ್ ಬಿಟ್ಟು ಏಳುವುದು ಪುಟ್ಟನಿಗೆ ಊಟದ ನಡುವೆ ಎಲ್ಲರ ತಟ್ಟೆ ಕಿತ್ತು ಎಸೆದ ಹಾಗೆ. ಅಂದು ಅವನು ಎದ್ದದ್ದು ಆಂಪಿಗೆ ಬಿಯರ್ ಇಳಿದು ಅಪ್ಪನ ಬೇಸ್ ಸತ್ತ ಮೇಲೆಯೇ. ಬಿಡುಗಡೆ ಮಾಡುವಾಗ ನ್ಯಾಯಾಧೀಶರು ಕನ್ನಡಕ ತೆಗೆದು ಹೇಳಿದ್ದರು: ಇನ್ನೊಂದು ಸಲ ಯಾರ ಮೇಲಾದರೂ ಕೈ ಎತ್ತಿದರೆ, ಕೂದಲು ಬೆಳ್ಳಗಾಗುವವರೆಗೆ ಹೊರಗಿನ ಬಿಸಿಲು ನೋಡುವುದಿಲ್ಲ.

ಅಂದು ಭಾನುವಾರ ಮಧ್ಯಾಹ್ನ, ಕಾರ್ಮಿಕರ ಕ್ಲಬ್ಬಿನ ಹಾಲ್‌ನಲ್ಲಿ ಕುಣಿತ. ತಗಡಿನ ಮಾಡು, ಉದ್ದುದ್ದ ಮೇಜುಗಳು, ವೇದಿಕೆಯ ಹಿಂದೆ ಬಿಯರ್ ಪೀಪಾಯಿ ಉರುಳಿಸಿ ತರುವ ಒಂದು ಸಣ್ಣ ಬಾಗಿಲು. ಅಕ್ಕ ಎಂದಿನಂತೆ ಜನರಿಗೆ ಅರ್ಧ ಬೆನ್ನು ಹಾಕಿ, ಪುಟ್ಟನ ಕಡೆ ಮುಖ ಮಾಡಿ ನಿಂತಿದ್ದಳು. ಹಾಡುವವನು ಹೊಟ್ಟೆಯನ್ನು ಒಳಗೆಳೆದುಕೊಂಡು ಪ್ರೇಮಗೀತೆ ಶುರು ಮಾಡಿದ್ದ. ಆಗ ಪುಟ್ಟನ ಕಾಲು ಒಂದೇ ಒಂದು ಪೆಟ್ಟು ತಡಮಾಡಿತು.

ಕುಣಿಯುತ್ತಿದ್ದವರಿಗೆ ಅದು ಗೊತ್ತಾಗಲಿಲ್ಲ. ಅಕ್ಕನಿಗೆ ಗೊತ್ತಾಯಿತು. ತಿರುಗಿ ನೋಡಿದರೆ ಎದುರಿನ ಬಾಗಿಲಲ್ಲಿ ಬೋಲ್ಟು, ಡಿಪೋದ ಎಣ್ಣೆ ಹತ್ತಿದ ಅಂಗಿಯಲ್ಲೇ ನಿಂತಿದ್ದ. ಕೆಟ್ಟ ಕಿವಿಯ ಮೇಲೆ ಅಂಗೈ ಇಟ್ಟುಕೊಂಡು, ಏನೂ ಕೇಳಿಸುತ್ತಿಲ್ಲ ಎಂಬಂತೆ ತಲೆಯಾಡಿಸಿ ಪುಟ್ಟನ ಕಡೆ ನಗುತ್ತಿದ್ದ. ಅವನಿಗೂ ನ್ಯಾಯಾಧೀಶರ ಮಾತು ಗೊತ್ತಿತ್ತು. ಪುಟ್ಟ ಕೈ ಎತ್ತಲಿ ಎಂದೇ ಕಾಲು ಕೆರೆದುಕೊಂಡು ಜಗಳಕ್ಕೆ ಬಂದಿದ್ದ.

ಆ ಹಾಡು ಮುಗಿಯುವುದರೊಳಗೆ ಅಕ್ಕ ಮುಂದಿನ ಹಾಡಿನ ನಡೆಗೆ ಇಳಿದಳು. ಹಾಡುವವನು ಕಕ್ಕಾಬಿಕ್ಕಿಯಾದ. ನೀರು ಕುಡಿಯಲು ಲೋಟ ಎತ್ತಿದವನು ಅದನ್ನು ಹಾಗೇ ಇಟ್ಟು ಮೈಕ್ ಹಿಡಿದ. ಅದರ ಹಿಂದೆಯೇ ಇನ್ನೊಂದು, ಅದರ ಬೆನ್ನಿಗೇ ಮತ್ತೊಂದು. ಉಸಿರಾಡಲು ಬಿಡುವಿಲ್ಲ, ಚಪ್ಪಾಳೆಗೆ ಜಾಗವಿಲ್ಲ. "ಅಕ್ಕಾ, ನಿನಗೇನು ಹುಚ್ಚು ಹಿಡೀತಾ? ಗಂಟಲು ಒಣಗಿ ಹೋಯ್ತು!" ಎಂದು ಹಾಡುವವನು ಕಿವಿಯ ಹತ್ತಿರ ಬಂದು ಕಿರುಚಿದ. ಅವಳು ಅವನತ್ತ ನೋಡಲೇ ಇಲ್ಲ. ಪುಟ್ಟ ಅವಳ ಕೈ ನೋಡುತ್ತಿದ್ದ, ಅವಳು ಅವನ ಕಾಲು ನೋಡುತ್ತಿದ್ದಳು. ಬಾರಿಸು ಪುಟ್ಟ, ಬಾರಿಸು, ನನ್ನ ಬಂಗಾರ, ಕೂತೇ ಇರು ಎಂದು ಮನಸ್ಸಿನಲ್ಲೇ ಗೋಗರೆಯುತ್ತಿದ್ದಳು. ತೋರುಬೆರಳಿನ ಗುಳ್ಳೆ ಒಡೆದು ತಂತಿಯೆಲ್ಲ ಅಂಟಂಟಾಯಿತು.

ಬೋಲ್ಟು ವೇದಿಕೆಯ ಕೆಳಗೇ ಬಂದು ನಿಂತು ಬೈಗುಳ ಶುರುಮಾಡಿದ. ಮೊದಲು ಪುಟ್ಟನನ್ನು, ಆಮೇಲೆ ಅಕ್ಕನನ್ನು, ಕಡೆಗೆ ಸತ್ತ ಅಪ್ಪನನ್ನು. ಪುಟ್ಟನ ದವಡೆ ಬಿಗಿಯಿತು. ಅಕ್ಕ ಆಂಪಿನ ಸದ್ದು ಏರಿಸಿದಳು, ಬೈಗುಳ ಅದರಲ್ಲಿ ಮುಳುಗಿತು. ಬೋಲ್ಟು ಪಕ್ಕದ ಮೇಜಿನ ಬಾಟಲಿ ಎತ್ತಿ ಎಸೆದ. ಅದು ಸಿಂಬಲ್ಲಿಗೆ ಬಡಿದು ಚೂರಾಗಿ ಪುಟ್ಟನ ಹಣೆ ಸೀಳಿತು. ರಕ್ತ ಹುಬ್ಬಿನ ಮೇಲೆ ಇಳಿಯಿತು. ಬಾಟಲಿಯ ಒಡೆಯನಿಗೆ ಸಿಟ್ಟು ಬಂದು ಬೋಲ್ಟುವಿನ ಕಾಲರ್ ಹಿಡಿದ, ಬೋಲ್ಟು ಅವನ ಮೂಗಿಗೆ ತಲೆಯಿಂದ ಗುದ್ದಿದ, ಆ ಮನುಷ್ಯನ ಭಾವಮೈದುನ ಕುರ್ಚಿ ಎತ್ತಿದ. ನೋಡ ನೋಡುತ್ತ ಒಂದಿಡೀ ಮೇಜು ಅಡಿಮೇಲಾಯಿತು. ಒಬ್ಬನ ತುಟಿ ಹರಿದು ನೇತಾಡುತ್ತಿತ್ತು. ಇನ್ನೊಬ್ಬನು ನೆಲದ ಮೇಲೆ ತನ್ನ ಹಲ್ಲು ಹುಡುಕುತ್ತಿದ್ದ. ಅವನ ಕೈಯನ್ನು ಯಾರೋ ತುಳಿದು ಹೋದರು.

ಪುಟ್ಟ ಏಳಲಿಲ್ಲ. ಕಣ್ಣಿಗೆ ಇಳಿದ ರಕ್ತವನ್ನು ಭುಜಕ್ಕೆ ಒರೆಸಿಕೊಂಡು ಬಾರಿಸಿದ. ಅಕ್ಕನಿಗೆ ಅಳುವೂ ಬಂತು, ಹೆಮ್ಮೆಯೂ ಆಯಿತು. ಅಪ್ಪಾ, ನೋಡು, ಕೂತಿದ್ದಾನೆ.

ಹಾಡುವವನು ಮೈಕ್ ಬಿಟ್ಟು ಪರಾರಿಯಾದ. ಗಿಟಾರಿನವನು ತನ್ನ ಕೂದಲನ್ನೂ ಗಿಟಾರನ್ನೂ ಎತ್ತಿಕೊಂಡು ಸ್ಪೀಕರಿನ ಹಿಂದೆ ಕುಕ್ಕರಿಸಿದ. ಉಳಿದದ್ದು ಡ್ರಮ್ಮು ಮತ್ತು ಬೇಸು, ಎರಡೇ. ಬೋಲ್ಟು ಗದ್ದಲದಲ್ಲಿ ಎಲ್ಲಿ ಹೋದನೋ ಕಾಣಲಿಲ್ಲ. ಸದ್ಯ, ತೊಲಗಿದ ಎಂದುಕೊಂಡಳು.

ಆಗ ಪುಟ್ಟನ ಬೆನ್ನ ಹಿಂದೆ ಪೀಪಾಯಿಯ ಬಾಗಿಲು ತೆರೆಯಿತು.

ಹಾಲ್‌ನಲ್ಲಿದ್ದವರು ಹೊಡೆದಾಟ ನೋಡುತ್ತಿದ್ದರು. ಆ ಬಾಗಿಲ ಕಡೆ ಮುಖವಿದ್ದದ್ದು ಅಕ್ಕನೊಬ್ಬಳದೇ. ಬೋಲ್ಟು ತಲೆ ತಗ್ಗಿಸಿ ಒಳಗೆ ಬಂದ. ಬಸ್ಸಿನ ಚಕ್ರ ಬಿಚ್ಚುವ, ಒಂದು ಮೊಳ ಉದ್ದದ ಸ್ಪ್ಯಾನರ್ ಅವನ ಕೈಯಲ್ಲಿತ್ತು. ಅವಳು "ಪುಟ್ಟಾ!" ಎಂದು ಕೂಗಿದಳು. ತಾನೇ ಏರಿಸಿದ ಆಂಪಿನ ಸದ್ದಿನಲ್ಲಿ ಆ ಕೂಗು ಅವಳಿಗೇ ಕೇಳಿಸಲಿಲ್ಲ. ಪುಟ್ಟ ಅವಳ ಕೈ ನೋಡುತ್ತ, ಬಾಗಿಲಿಗೆ ಬೆನ್ನು ಕೊಟ್ಟು, ಕುರಿಮರಿಯ ಹಾಗೆ ಕೂತಿದ್ದ. ಅವನನ್ನು ಅಲ್ಲಿ ಕೂರಿಸಿದ್ದು ಅವಳೇ. ಎದ್ದು ಹೋಗಿದ್ದರೆ ಬದುಕುತ್ತಿದ್ದ.

ನಿಲ್ಲಿಸಬೇಕು ಎಂದು ಗೊತ್ತಾಯಿತು. ಬೆರಳು ನಿಲ್ಲಲಿಲ್ಲ. ಚಿಕ್ಕಂದಿನಿಂದ ನಿಲ್ಲಿಸಬೇಡ ನಿಲ್ಲಿಸಬೇಡ ಎಂದು ಬೈಸಿಕೊಂಡು ಬೆಳೆದ ಹಾಳು ಬೆರಳು, ಸ್ಪ್ಯಾನರ್ ಮೇಲೇಳುವುದನ್ನು ಅವಳು ಕಣ್ಣಾರೆ ನೋಡುತ್ತಿದ್ದರೂ ಮೀಟುತ್ತಲೇ ಇತ್ತು. ಅವಳು ಎಡಗೈಯಿಂದ ಬಲಗೈಯನ್ನು ಹಿಡಿದು ತಂತಿಯ ಮೇಲಿಂದ ಕಿತ್ತಳು.

ಬೇಸ್ ನಿಂತಿತು. ಪುಟ್ಟ ಥಟ್ಟನೆ ತಲೆಯೆತ್ತಿ ಅವಳ ಕಡೆ ಬಾಗಿದ. ತಲೆಗೆ ಬರಬೇಕಿದ್ದ ಸ್ಪ್ಯಾನರ್ ಎಡ ಭುಜದ ಮೇಲೆ ಬಿತ್ತು. ಎಲುಬು ಮುರಿದ ಸದ್ದು ವೇದಿಕೆಯಲ್ಲೆಲ್ಲ ಕೇಳಿಸಿತು. ಪುಟ್ಟ ತನ್ನ ಸ್ಟೂಲಿನ ಮೇಲಿದ್ದಂತೆಯೇ ಮುಂದಕ್ಕೆ ಬಗ್ಗಿ ಡ್ರಮ್ಮಿಗೆ ಮುಖ ಕೊಟ್ಟ. ಬೋಲ್ಟು ಎರಡನೆಯ ಪೆಟ್ಟಿಗೆ ಕೈ ಎತ್ತಿದ.

ಅಕ್ಕ ಬೇಸಿನ ಪಟ್ಟಿಯನ್ನು ಕೊರಳಿನಿಂದ ಯಾವಾಗ ತೆಗೆದಳೋ ಅವಳಿಗೇ ತಿಳಿಯದು. ಅಪ್ಪನ ಬೇಸನ್ನು ಎರಡು ಕೈಯಲ್ಲಿ ಹಿಡಿದು ಬೀಸಿದಳು. ಗಟ್ಟಿ ಮರ, ಒಂದು ಮಗುವಿನ ತೂಕ. ಬೋಲ್ಟುವಿನ ಮುಂಗೈ ಮುರಿದು ಸ್ಪ್ಯಾನರ್ ಹಾರಿಹೋಯಿತು. ಕೇಬಲ್ ಇನ್ನೂ ಚುಚ್ಚಿಕೊಂಡೇ ಇತ್ತು. ಆ ಪೆಟ್ಟು ಸ್ಪೀಕರಿನಿಂದ ಗುಡುಗಿ, ತಗಡಿನ ಮಾಡೆಲ್ಲ ನಡುಗಿ, ಹೊಡೆದಾಡುತ್ತಿದ್ದವರೆಲ್ಲ ಎತ್ತಿದ ಕೈ ಎತ್ತಿದಂತೆಯೇ ನಿಂತರು.

ಅವಳು ನಿಲ್ಲಲಿಲ್ಲ. ಮಂಡಿಗೆ ಹೊಡೆದಳು. ಬೋಲ್ಟು ಬಿದ್ದ. ಬಿದ್ದವನ ಪಕ್ಕೆಗೆ ಹೊಡೆದಳು. "ಅಮ್ಮಾ!" ಎಂದು ಅವನು ಕೂಗಿದ್ದೂ ಆಂಪಿನ ಗುಡುಗಿನಲ್ಲಿ ಅಡಗಿಹೋಯಿತು. ಕೂಗಲಿ, ಇವನಿಗೊಬ್ಬಳು ಅಮ್ಮ ಬೇರೆ! ಮತ್ತೆ ಹೊಡೆದಳು. ಇಷ್ಟು ವರ್ಷ ತಮ್ಮನ ಸಿಟ್ಟಿಗೆ ಬೇಲಿ ಕಟ್ಟುವುದರಲ್ಲೇ ಕಳೆದವಳಿಗೆ ತನ್ನದೂ ಒಂದು ಸಿಟ್ಟು ಇದೆಯೆಂದು ಗೊತ್ತೇ ಇರಲಿಲ್ಲ. ಅದು ರುಚಿಯಾಗಿತ್ತು. ಸುಳ್ಳೇಕೆ, ಬಹಳ ರುಚಿಯಾಗಿತ್ತು. ಮುಂದಿನ ಪೆಟ್ಟು ಅವನ ತಲೆಗೇ ಎಂದು ನಿರ್ಧರಿಸಿ ಬೇಸನ್ನು ತಲೆಯ ಮೇಲೆತ್ತಿದಳು.

ಧಂ ಎಂದಿತು ದೊಡ್ಡ ಡ್ರಮ್ಮು.

ಪುಟ್ಟ ತಲೆಯೆತ್ತಿದ್ದ. ಎಡಗೈ ಸತ್ತು ನೇತಾಡುತ್ತಿತ್ತು, ಮುಖವೆಲ್ಲ ರಕ್ತ. ಬಲಗಾಲು ಮಾತ್ರ ಪೆಡಲಿನ ಮೇಲಿತ್ತು. ಅವನು ಮತ್ತೆ ತುಳಿದ. ಧಂ. ಅಕ್ಕನ ಕಣ್ಣು ತನ್ನಷ್ಟಕ್ಕೆ ಆ ಕಾಲಿನ ಕಡೆ ಹೋಯಿತು. ಬೇಸ್ ಕೆಳಗಿಳಿಯಿತು, ಆದರೆ ತಲೆಗಲ್ಲ, ಗುರಿ ತಪ್ಪಿ ತೊಡೆಗೆ. ಮತ್ತೆ ಎತ್ತಿದಳು. ಧಂ. ಮತ್ತೆ ಹೊಡೆದಳು. ಈಗ ಅವಳು ಹೊಡೆಯುತ್ತಿದ್ದದ್ದು ಪುಟ್ಟನ ಕಾಲಿನ ತಾಳಕ್ಕೆ ಸರಿಯಾಗಿ, ಅದಕ್ಕೂ ಮುಂಚೆ ಅಲ್ಲ, ಆಮೇಲೂ ಅಲ್ಲ. ಕೆಳಗೆ ಕುಡುಕನೊಬ್ಬನ ಪಾದ ತಾನಾಗಿ ತಾಳ ಹಾಕುತ್ತಿತ್ತು, ಪಾಪಿ.

ಪುಟ್ಟ ನಿಧಾನ ಮಾಡಿದ. ಹಾಡು ಮುಗಿಸುವಾಗ ಮಾಡುವ ಹಾಗೆ, ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಜಾಗ ಬಿಡುತ್ತ ಹೋದ. ಎತ್ತಿದ ಬೇಸ್ ಗಾಳಿಯಲ್ಲಿ ಕಾದಿತು. ಧಂ. ಇಳಿಯಿತು, ಮೆಲ್ಲಗೆ. ಮತ್ತೆ ಕಾದಿತು, ಇನ್ನೂ ಹೆಚ್ಚು ಹೊತ್ತು. ಧಂ. ಈ ಸಲ ಮರ ಬೋಲ್ಟುವಿನ ಅಂಗಿಗೆ ತಾಗಿತಷ್ಟೆ. ಅವಳು ಮತ್ತೊಮ್ಮೆ ಎತ್ತಿ ಹಿಡಿದಳು. ಪುಟ್ಟ ತನ್ನ ಕಾಲನ್ನು ಪೆಡಲಿನಿಂದ ತೆಗೆದು ಪಕ್ಕಕ್ಕಿಟ್ಟ.

ಅವಳು ಕಾದಳು. ಕೈಗಳಿಗೆ ತಾವಾಗಿ ಇಳಿಯುವುದು ಬರುತ್ತಿರಲಿಲ್ಲ.

"ಮುಗೀತು ಅಕ್ಕ," ಎಂದ ಪುಟ್ಟ. "ಹಾಡು ಮುಗೀತು. ಇಳಿಸು."

ಅವಳು ಇಳಿಸಿದಳು. ಬೋಲ್ಟು ನೆಲದ ಮೇಲೆ ಮುದುಡಿಕೊಂಡು ನರಳುತ್ತಿದ್ದ. ಉಸಿರಾಡುತ್ತಿದ್ದ.

ಪೊಲೀಸರು ಬಂದಾಗ ಇನ್‌ಸ್ಪೆಕ್ಟರ್ ಬಿದ್ದವನನ್ನು ನೋಡಿ, ಪುಟ್ಟನ ಮುಖ ನೋಡಿ, ಗುರುತು ಹಿಡಿದು ತಲೆಯಾಡಿಸಿದ. "ಮತ್ತೆ ನೀನೇನಾ?"

"ಹೌದು ಸರ್, ನಾನೇ ಹೊಡೆದೆ," ಎಂದ ಪುಟ್ಟ, ಕಣ್ಣು ಮಿಟುಕಿಸದೆ.

"ಬಾಯಿ ಮುಚ್ಚೋ!" ಅಕ್ಕ ಪಾಠದ ಕೋಣೆಯ ದನಿಯಲ್ಲಿ ಗದರಿದಳು. "ಸರ್, ಹೊಡೆದದ್ದು ನಾನು. ಇಗೋ ಬೇಸು, ಅದರ ಮೇಲಿನ ರಕ್ತ ನೋಡಿ. ಒಂದು ಕೈ ಮುರಿದವನಿಗೆ ಅದನ್ನ ಎತ್ತೋಕಾಗುತ್ತಾ? ನನ್ನ ತಮ್ಮ ಸ್ಟೂಲ್ ಬಿಟ್ಟು ಏಳಲೇ ಇಲ್ಲ. ಬಾರಿಸ್ತಾ ಕೂತಿದ್ದ. ಇವರನ್ನೆಲ್ಲ ಕೇಳಿ."

ಇನ್‌ಸ್ಪೆಕ್ಟರ್ ಹಾಲ್‌ನ ಕಡೆ ತಿರುಗಿದ. ಹರಿದ ತುಟಿಯವನು, ಹಲ್ಲು ಕಳೆದುಕೊಂಡವನು, ಸ್ಪೀಕರಿನ ಹಿಂದಿನಿಂದ ಎದ್ದುಬಂದ ಗಿಟಾರಿನವನು, ಎಲ್ಲರೂ ಹೌದೆಂದು ತಲೆಯಾಡಿಸಿದರು. ಹುಟ್ಟಿದಾಗಿನಿಂದ ಬೇಸ್ ಬಾರಿಸುವವರನ್ನು ನೋಡದ ಜನ ಅಂದು ಅವಳನ್ನೇ ನೋಡುತ್ತಿದ್ದರು.

ಅವಳು ಬೇಸನ್ನು ಆಂಪಿಗೆ ಒರಗಿಸಿ, ಕೇಬಲ್ ಕಿತ್ತು ಸುತ್ತಿಟ್ಟು, ಕೈ ಮುಂದೆ ಚಾಚಿದಳು. ಒಡೆದ ಬೆರಳಿಗೆ ತಾಗದಂತೆ ಕೋಳ ಹಾಕಿದರು. ಬಾಗಿಲ ಹತ್ತಿರ ಹೋದಾಗ ಹಿಂದೆ ಸಿಂಬಲ್ ಅಲುಗಿದ ಸದ್ದು ಕೇಳಿಸಿತು. ತಿರುಗಿದಳು. ಪುಟ್ಟ ಚಿಕ್ಕ ಮಗುವಿನ ಹಾಗೆ ಅಳುತ್ತ, ಇದ್ದೊಂದು ಕೈಯನ್ನು ಡ್ರಮ್ಮಿಗೆ ಊರಿಕೊಂಡು, ಅವಳ ಹಿಂದೆ ಬರಲು ಅರ್ಧ ಎದ್ದಿದ್ದ.

"ಕೂತ್ಕೋ ಪುಟ್ಟ," ಎಂದಳು.

ಅವನು ಕೂತ.